ಸ್ಕ್ರೀನ್ ಕಪ್ಪಾದ ಕೂಡಲೇ ಅಂಗಡಿಗೆ ಓಡಬೇಡಿ: ಎಫ್-16 ಆ್ಯಡ್-ಆನ್ ತಗೊಂಡು ನಾನು ಕೆಟ್ಟ ಕತೆ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಆ್ಯಡ್-ಆನ್ ಮಾಡಿದವರ ತಪ್ಪೇನೂ ಇಲ್ಲ. (ಸಿಮ್ಯುಲೇಟರ್ ಅಂದರೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ, ಅದಕ್ಕೆ ಬೇರೆಯಾಗಿ ಕೊಂಡು ಸೇರಿಸುವ ವಿಮಾನವೇ ಆ್ಯಡ್-ಆನ್.) ಹಾಗಾಗಿ ಅದರ ಹೆಸರೂ ಬೇಡ, ಸಿಮ್ಯುಲೇಟರಿನ ಹೆಸರೂ ಬೇಡ. ತಪ್ಪು ಮುಕ್ಕಾಲು ಪಾಲು ನನ್ನದು, ಕಾಲು ಪಾಲು ಒಬ್ಬ ಕಳ್ಳನದು. ಐದೂವರೆ ಸಾವಿರ ಚಿಲ್ಲರೆ ರೂಪಾಯಿ ಹೋಯಿತು, ಮೂರು ವಾರದ ನಿದ್ದೆ ಹೋಯಿತು. ನಿಮ್ಮಲ್ಲಿ ಯಾರಾದರೂ ಯುದ್ಧವಿಮಾನದ ಆ್ಯಡ್-ಆನ್ ತಗೊಂಡು, ಸೆಟ್ಟಿಂಗ್ಸಲ್ಲಿ ‘ರಿಯಲಿಸ್ಟಿಕ್’ ಅಂತ ಇರುವುದಕ್ಕೆಲ್ಲ ಟಿಕ್ ಹಾಕುವವರಿದ್ದರೆ ಇದನ್ನು ಓದಿ ಆಮೇಲೆ ಹಾಕಿ.

ನಾನು ಬಳ್ಳಾರಿಯವನು. ಜೀನ್ಸ್ ಹೊಲಿಯುವ ಯೂನಿಟ್ ಒಂದರಲ್ಲಿ ಲೆಕ್ಕ ಬರೆಯುವ ಕೆಲಸ. ಹಗಲೆಲ್ಲ ಪ್ಯಾಂಟು, ಝಿಪ್ಪು, ಗುಂಡಿಗಳ ಲೆಕ್ಕ, ರಾತ್ರಿ ವಿಮಾನ. ವಿಮಾನದ ಹುಚ್ಚು ಹಳೆಯದು. ತೋರಣಗಲ್ಲಿನ ವಿದ್ಯಾನಗರ ಏರ್‌ಪೋರ್ಟಿಗೆ ಇಳಿಯುವುದನ್ನು ನೋಡಲು ಬೈಕ್ ಹತ್ತಿ ಹೋಗಿ ಬೇಲಿಯಾಚೆ ನಿಂತವನು, ಏರೋ ಇಂಡಿಯಾಕ್ಕೆಂದು ಯಲಹಂಕಕ್ಕೆ ಎರಡು ಸಲ ಹೋಗಿ ಕತ್ತು ನೋಯಿಸಿಕೊಂಡು ಬಂದವನು. ಈ ಆ್ಯಡ್-ಆನ್ ತಗೊಂಡ ದಿನ ಗೆಳೆಯನೊಬ್ಬ ಒಗ್ಗರಣಿ ಮಿರ್ಚಿ ತಿನ್ನುತ್ತಾ ಕೇಳಿದ: “ಲೇ, ಎಫ್-16 ಪಾಕಿಸ್ತಾನದ್ದಲ್ಲೇನಲೇ? ನಮ್ದು ಯಾವುದೂ ಸಿಗಲಿಲ್ಲೇನು ನಿನಗೆ?” ಅವನು ಹೇಳಿದ್ದು ಸರಿಯೇ. 1983ರಿಂದ ಅವರ ಹತ್ತಿರ ಇದೆ, ನಮ್ಮ ವಾಯುಪಡೆಯಲ್ಲಿ ಇಲ್ಲ. ನನಗೂ ಆಸೆ ಇದ್ದದ್ದು ಮಿರಾಜ್ 2000 ಮೇಲೆ. ಆದರೆ ರಿಯಾಯಿತಿ ಇದ್ದದ್ದು ಎಫ್-16 ಮೇಲೆ.

ಮೊದಲ ರಾತ್ರಿ ಎಂಜಿನ್ನೇ ಶುರುವಾಗಲಿಲ್ಲ.

ಎಫ್-16ರ ದೊಡ್ಡ ಎಂಜಿನ್ನನ್ನು ತಿರುಗಿಸಿ ಕೊಡುವುದಕ್ಕೆ ಒಳಗೊಂದು ಪುಟ್ಟ ಟರ್ಬೈನ್ ಇದೆ, ಜೆಟ್ ಫ್ಯುಯೆಲ್ ಸ್ಟಾರ್ಟರ್ ಅಂತ. ಆ ಪುಟ್ಟದನ್ನು ಎಬ್ಬಿಸುವುದು ಬ್ಯಾಟರಿ ಅಲ್ಲ, ಹೈಡ್ರಾಲಿಕ್ ಒತ್ತಡ ತುಂಬಿಟ್ಟ ಎರಡು ಸಿಲಿಂಡರು. ಸ್ವಿಚ್ಚನ್ನು ಸ್ಟಾರ್ಟ್-1ಕ್ಕೆ ಹಾಕಿದರೆ ಒಂದು ಖಾಲಿ, ಸ್ಟಾರ್ಟ್-2ಕ್ಕೆ ಹಾಕಿದರೆ ಎರಡೂ ಖಾಲಿ. ಎಂಜಿನ್ ತಿರುಗತೊಡಗಿದ ಮೇಲೆ ಮತ್ತೆ ತಾವೇ ತುಂಬಿಕೊಳ್ಳುತ್ತವೆ. ನಾನು ಮಾಡಿದ್ದೇನು? ಸ್ವಿಚ್ ಹಾಕಿದೆ, ಒಂದು ಕ್ಷಣ ಏನೂ ಕೇಳಿಸಲಿಲ್ಲ, ಆಫ್ ಮಾಡಿದೆ, ಮತ್ತೆ ಹಾಕಿದೆ, ಮತ್ತೆ ಆಫ್. ಮನೆಯ ಹಳೆಯ ಮಿಕ್ಸಿಗೆ ಮಾಡುವ ಹಾಗೆ. ಸಿಲಿಂಡರು ಖಾಲಿ. ನಿಜವಾದ ವಿಮಾನದಲ್ಲಾದರೆ ಆಗ ನೆಲದ ಸಿಬ್ಬಂದಿ ಬಂದು ಕೈಪಂಪಿನಲ್ಲಿ ಒತ್ತಡ ತುಂಬಬೇಕು, ಸೈಕಲ್ಲಿಗೆ ಗಾಳಿ ಹೊಡೆದ ಹಾಗೆ. ಸಿಮ್ಯುಲೇಟರಿನಲ್ಲೂ ಮೆನು ತೆಗೆದು ಅವರನ್ನೇ ಕರೆಯಬೇಕು. ನನಗೇನು ಗೊತ್ತು? ಫೈಲ್ ಕರಪ್ಟ್ ಆಗಿದೆ ಅಂದುಕೊಂಡೆ. ಇಡೀ ಆ್ಯಡ್-ಆನ್ ಅಳಿಸಿ ಮತ್ತೆ ಡೌನ್‌ಲೋಡಿಗೆ ಹಾಕಿ ಮಲಗಿದೆ, ನಡುರಾತ್ರಿ ಕರೆಂಟ್ ಹೋಯಿತು, ಬೆಳಿಗ್ಗೆ ನೋಡಿದರೆ ಅರ್ಧಕ್ಕೆ ನಿಂತಿದೆ.

ಎರಡನೇ ದಿನ ಸ್ಟಾರ್ಟರ್ ಓಡಿತು, ಎಂಜಿನ್ ಹತ್ತಿಕೊಳ್ಳಲಿಲ್ಲ. ಶೇಕಡಾ 20ರ ವೇಗ ಬಂದ ಮೇಲೆ ಥ್ರಾಟಲ್ಲನ್ನು ಆಫ್‌ನಿಂದ ಐಡಲ್‌ಗೆ ತರಬೇಕು, ಆಗಲೇ ಇಂಧನ ಹೋಗುವುದು. ನಿಜವಾದ ಲಿವರಿಗೆ ಅಲ್ಲೊಂದು ತಡೆ ಇದೆ, ಲಿವರನ್ನು ಹೊರಮಗ್ಗುಲಿಗೆ ಹೊರಳಿಸದೆ ಮುಂದೆ ಬರುವುದಿಲ್ಲ. ಸಿಮ್ಯುಲೇಟರಿನಲ್ಲಿ ಅದಕ್ಕೆ ಬೇರೆಯೇ ಬಟನ್. ನಾನು ಬರೀ ಜಾಯ್‌ಸ್ಟಿಕ್ಕಿನ ಲಿವರನ್ನು ಹಿಂದೆ ಮುಂದೆ ಉಜ್ಜುತ್ತಾ ಕೂತಿದ್ದೆ.

ಸರಿ, ಹೇಗೋ ಹಾರಿದೆ. ಹಾರಿದರೆ ದಿಕ್ಕೇ ತಪ್ಪು. ತೋರಿಸಿದ ಗುರುತಿಗೆ ನೇರ ಹೋದರೂ ರನ್‌ವೇ ಎಲ್ಲೋ ಪಕ್ಕದಲ್ಲಿ, ಹೊಲದ ಮೇಲೆ ಇಳಿಯುವ ಪರಿಸ್ಥಿತಿ. ಇದು ಇನರ್ಷಿಯಲ್ ನ್ಯಾವಿಗೇಷನ್ನಿನ ಕತೆ, ಅಂದರೆ ವಿಮಾನ ಎಲ್ಲಿದೆ, ಯಾವ ಕಡೆ ಹೋಗುತ್ತಿದೆ ಅಂತ ತಾನೇ ಲೆಕ್ಕ ಹಾಕುವ ಯಂತ್ರದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತಿಳಿದ ಮೇಲೆ ನನಗೆ ಸಿಟ್ಟು ಹೋಗಿ ಬೆರಗು ಬಂತು. ಆ ಯಂತ್ರಕ್ಕೆ ಉತ್ತರ ಯಾವ ಕಡೆ ಅಂತ ಯಾರೂ ಹೇಳಿಕೊಡುವುದಿಲ್ಲ. ವಿಮಾನ ಅಲುಗಾಡದೆ ನಿಂತಿರುವಾಗ ಒಳಗಿನ ಗೈರೋಗಳು, ಅಂದರೆ ತಿರುಗುವುದನ್ನು ಅಳೆಯುವ ಸಾಧನಗಳು, ಭೂಮಿ ತಿರುಗುವುದನ್ನೇ ಗಮನಿಸುತ್ತವೆ. ಗಂಟೆಗೆ 15 ಡಿಗ್ರಿ, ನಮಗೆ ನಿಮಗೆ ಗೊತ್ತೇ ಆಗದ ತಿರುಗಾಟ. ಅದನ್ನು ಅಳೆದು ‘ಹಾಗಾದರೆ ಉತ್ತರ ಇಲ್ಲಿದೆ’ ಅಂತ ತಾವೇ ಲೆಕ್ಕ ಹಾಕುತ್ತವೆ. ಇದಕ್ಕೆ ಎಂಟು ನಿಮಿಷ ಹಿಡಿಯುತ್ತದೆ. ನಾನು ಎರಡೇ ನಿಮಿಷಕ್ಕೆ ಗುಂಡಿ ತಿರುಗಿಸಿ ಹೊರಟಿದ್ದೆ. ಕಣ್ಣು ಕಟ್ಟಿ ರಾಯಲ್ ಸರ್ಕಲ್ಲಿನಲ್ಲಿ ನಾಲ್ಕು ಸುತ್ತು ತಿರುಗಿಸಿ, ಹೂಂ, ಇನ್ನು ಕೌಲ್ ಬಜಾರಿಗೆ ನಡಿ ಅಂದ ಹಾಗೆ. ಬೇಗ ಹೊರಡಬೇಕಿದ್ದರೆ ‘ಸ್ಟೋರ್ಡ್ ಹೆಡಿಂಗ್’ ಅಂತ ಇದೆ, ಒಂದೂವರೆ ನಿಮಿಷದ ಆಸುಪಾಸು ಸಾಕು. ಆದರೆ ಹಿಂದಿನ ಸಲ ಲೆಕ್ಕ ಮಾಡಿಟ್ಟ ಮೇಲೆ ವಿಮಾನ ಜಾಗ ಬಿಟ್ಟು ಕದಲಿರಬಾರದು.

ಇಲ್ಲಿಯವರೆಗೆ ಹೋದದ್ದು ಬರೀ ಸಮಯ. ದುಡ್ಡು ಹೋಗಿದ್ದು ಕತ್ತಲೆಯಿಂದ.

ಹೊಸ ಹುಮ್ಮಸ್ಸಲ್ಲಿ ವೇಗ ಹೆಚ್ಚಿಸಿ ಜಾಯ್‌ಸ್ಟಿಕ್ ಪೂರ್ತಿ ಹಿಂದಕ್ಕೆ ಎಳೆದೆ. ಸ್ಕ್ರೀನಿನ ಬಣ್ಣ ಮಾಸಿತು, ಅಂಚುಗಳಿಂದ ಕಪ್ಪು ಒಳಗೆ ಬಂತು, ಪೂರ್ತಿ ಕಪ್ಪು. ಸ್ಪೀಕರಿನ ಸದ್ದೂ ಬಾವಿಯೊಳಗಿಂದ ಬಂದ ಹಾಗೆ ಅಡಗಿತು. ಮತ್ತೆ ಸ್ಕ್ರೀನ್ ಬಂದಾಗ ವಿಮಾನ ನೆಲಕ್ಕೆ ಬಡಿದು ಉರಿಯುತ್ತಿತ್ತು. ಇನ್ನೊಮ್ಮೆ ಹಾರಿದೆ, ಇನ್ನೊಮ್ಮೆ ಕಪ್ಪು. ಏಪ್ರಿಲ್ ತಿಂಗಳು, ಮೇಲಿನ ರೂಮು, ರಾತ್ರಿ ಹತ್ತಕ್ಕೂ ಗೋಡೆ ಮುಟ್ಟಿದರೆ ಬಿಸಿ. ಗ್ರಾಫಿಕ್ಸ್ ಕಾರ್ಡ್ ಕಾದು ಸಾಯುತ್ತಿದೆ ಅಂತ ನನಗೆ ಖಾತ್ರಿಯಾಯಿತು. “ಅದರ ಮುಂದೆ ಟೇಬಲ್ ಫ್ಯಾನ್ ಯಾಕ್ರೀ, ಮಕ್ಕಳಿಗೆ ಸೆಕೆ ಆಗಾಕತ್ತೈತಿ” ಅಂತ ಮನೆಯವಳು ಬಂದು ಫ್ಯಾನ್ ಎತ್ತಿಕೊಂಡು ಹೋದಳು.

ಮರುದಿನ ಸಿಪಿಯು ಡಬ್ಬ, ಮಾನಿಟರ್, ಜಾಯ್‌ಸ್ಟಿಕ್ ಎಲ್ಲ ಆಟೋದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ. ಅಂಗಡಿಯ ಹುಡುಗ ಒಳ್ಳೆಯವನೇ. ಅರ್ಧ ಗಂಟೆ ವಿಡಿಯೋ ಓಡಿಸಿದ, ಕಾರ್ ರೇಸ್ ಓಡಿಸಿದ. ಎಲ್ಲ ಸರಿ.

“ಏನೂ ಆಗಿಲ್ಲಲ್ಲ ಸರ್.”

“ಇರಪ್ಪಾ, ವಿಮಾನದಲ್ಲಿ ತೋರಿಸ್ತೀನಿ” ಅಂದು ನಾನೇ ಕೂತು ಹಾರಿಸಿ ಸ್ಟಿಕ್ ಎಳೆದೆ. ಕಪ್ಪು. ಹುಡುಗ ಮಾನಿಟರಿನ ಹಿಂದೆ ಕೈಹಾಕಿ ಕೇಬಲ್ ಅಲುಗಾಡಿಸಿದ. ಅದೇ ಹೊತ್ತಿಗೆ ಸ್ಕ್ರೀನ್ ಬಂತು! ಇಬ್ಬರೂ ಮುಖ ಮುಖ ನೋಡಿಕೊಂಡೆವು. ಕೇಬಲ್ ಬದಲಾಯಿತು, 450. ಮತ್ತೆ ಎಳೆದೆ, ಮತ್ತೆ ಕಪ್ಪು. “ಸರ್, ಲೋಡ್ ಬಿದ್ದಾಗ ಹೋಗ್ತೈತೆ. ಸಪ್ಲೈ ವೀಕ್ ಆಗೈತೆ. ನೋಡ್ರಿ, ಸ್ಪೀಕರ್ ಸೌಂಡೂ ಕಮ್ಮಿ ಆಗ್ತೈತೆ.” ತರ್ಕ ಎಷ್ಟು ಸರಿಯಾಗಿದೆ ನೋಡಿ. ಹೊಸ ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ಕರೆಂಟ್ ಹಂಚುವ ಡಬ್ಬ) 3,400, ಅವನ ಕೂಲಿ 300. ಹಾಕಿದ ಮೇಲೆ ಮತ್ತೆ ವಿಮಾನ ಹಾರಿಸಿ ನೋಡುವ ಅಂದೆ. ಅಂಗಡಿ ಮುಚ್ಚುವ ಹೊತ್ತಾಗಿತ್ತು, ನಾಚಿಕೆಯೂ ಆಯಿತು, ಅಲ್ಲಿ ನಿಂತಿದ್ದ ಇಬ್ಬರು ಮುದುಕರು ಆಗಲೇ ಮೂರು ಸಲ ನನ್ನ ವಿಮಾನ ಬಿದ್ದದ್ದು ನೋಡಿ ನಕ್ಕಿದ್ದರು. ಮನೆಗೆ ತಂದು ಸ್ಟಿಕ್ ಎಳೆದೆ. ಕಪ್ಪು.

ಕಪ್ಪಾಗುತ್ತಿದ್ದದ್ದು ಮಾನಿಟರ್ ಅಲ್ಲ, ಪೈಲಟ್ಟಿನ ಕಣ್ಣು. ಎಫ್-16 ಒಂಬತ್ತು ಜಿ ತನಕ ಎಳೆಯುವ ವಿಮಾನ. ಒಂಬತ್ತು ಜಿ ಅಂದರೆ 70 ಕಿಲೋ ಮನುಷ್ಯ 630 ಕಿಲೋ ತೂಗಿದ ಹಾಗೆ. ರಕ್ತ ತಲೆಗೆ ಏರಲಾರದೆ ಕಾಲಿಗೆ ಇಳಿಯುತ್ತದೆ. ಮೊದಲು ಬಣ್ಣ ಹೋಗುತ್ತದೆ, ಆಮೇಲೆ ಅಂಚಿನ ನೋಟ, ಆಮೇಲೆ ಎಲ್ಲ ನೋಟ, ಕೊನೆಗೆ ಎಚ್ಚರವೇ ಇಲ್ಲ. ರಕ್ತ ಕೆಳಗಿಳಿಯದಂತೆ ಒತ್ತಿಹಿಡಿಯುವ ಜಿ-ಸೂಟ್ ಹಾಕಿದ್ದರೂ, ಸೀಟು 30 ಡಿಗ್ರಿ ಹಿಂದಕ್ಕೆ ವಾಲಿದ್ದರೂ, ಕಾಲು ಹೊಟ್ಟೆ ಬಿಗಿಹಿಡಿದು ಉಸಿರು ಕಟ್ಟಿ ಕಟ್ಟಿ ಬಿಡುವುದನ್ನು ಪೈಲಟ್ಟುಗಳು ಕಲಿಯಲೇಬೇಕು. ಈ ವಿಮಾನದ ಇನ್ನೊಂದು ಗುಣ ಏನೆಂದರೆ ಅದರ ನಿಜವಾದ ಸ್ಟಿಕ್ ಕೂದಲೆಳೆಯಷ್ಟು ಮಾತ್ರ ಕದಲುತ್ತದೆ, ಕೈ ಎಷ್ಟು ಬಲ ಹಾಕಿತು ಅನ್ನುವುದನ್ನೇ ಅದು ಓದುತ್ತದೆ. ನನ್ನ ಅಗ್ಗದ ಜಾಯ್‌ಸ್ಟಿಕ್ ಗೇರ್ ರಾಡಿನ ಹಾಗೆ ಇಡೀ ದೂರ ಓಡಾಡುತ್ತದೆ, ನಾನು ಪ್ರತಿ ಸಲವೂ ಕೊನೆತನಕ ಎಳೆಯುತ್ತಿದ್ದೆ. ನಿಜದ ಪೈಲಟ್ಟುಗಳಿಗೂ ಹೀಗಾಗುತ್ತದೆ ಅನ್ನುವುದಕ್ಕೇ, ನೆಲದ ಕಡೆ ಹೋಗುತ್ತಿದ್ದರೆ ತಾನಾಗಿಯೇ ಮಗ್ಗುಲು ತಿರುಗಿ ಮೇಲೇಳುವ ವ್ಯವಸ್ಥೆಯನ್ನು ಅಮೆರಿಕದ ವಾಯುಪಡೆ 2014ರಿಂದ ತನ್ನ ಎಫ್-16ಗಳಿಗೆ ಹಾಕಿಸಿದೆ.

ಇದೆಲ್ಲ ತಿಳಿದದ್ದು ಆಮೇಲೆ. ಅಂದು ರಾತ್ರಿ ನನಗೆ ಗೊತ್ತಿದ್ದದ್ದು 4,150 ರೂಪಾಯಿ ಹೋದದ್ದು, ಸಮಸ್ಯೆ ಹಾಗೇ ಉಳಿದದ್ದು.

ಟೆಲಿಗ್ರಾಂನಲ್ಲಿ ಒಂದು ಗುಂಪು ಸಿಕ್ಕಿತು. ‘ಬ್ಲ್ಯಾಕ್ ಸ್ಕ್ರೀನ್ ಫಿಕ್ಸ್, 1,499, ರಿಮೋಟ್‌ನಲ್ಲಿ ನಾವೇ ಮಾಡಿಕೊಡುತ್ತೇವೆ, ಆಗದಿದ್ದರೆ ದುಡ್ಡು ವಾಪಸ್.’ ಅದರಲ್ಲಿದ್ದವನೊಬ್ಬ ಹಿಂದಿಯಲ್ಲಿ ಮಾತಾಡಿದ, ಬಹಳ ವಿನಯ, ಪ್ರತಿ ಮಾತಿಗೂ ಸರ್. ಫೋನ್‌ಪೇಯಲ್ಲಿ ಹಾಕಿದೆ. ಆ್ಯಂಟಿವೈರಸ್ ಆಫ್ ಮಾಡಿ ಅಂದ, ‘ನಮ್ಮ ಪ್ಯಾಚನ್ನು ಅದು ತಪ್ಪಾಗಿ ವೈರಸ್ ಅನ್ನುತ್ತದೆ’. ಮಾಡಿದೆ. ರಿಮೋಟ್ ಆ್ಯಪ್ ಹಾಕಿಸಿ ನಂಬರ್ ಕೇಳಿದ, ಕೊಟ್ಟೆ. ಬಾಣದ ಗುರುತು ನನ್ನ ಕೈ ಬಿಟ್ಟು ತಾನೇ ಓಡಾಡತೊಡಗಿತು. ಒಂದು ಜಿಪ್ ಫೈಲ್ ಬಿಚ್ಚಿಕೊಂಡಿತು, ಕಪ್ಪು ಕಿಟಕಿಯೊಂದು ತೆರೆದು ಮುಚ್ಚಿತು, ಸಿಮ್ಯುಲೇಟರಿನ ಸೆಟ್ಟಿಂಗ್ಸ್ ಪುಟ ಒಂದು ಕ್ಷಣ ಬಂದು ಹೋಯಿತು. ಇಪ್ಪತ್ತು ನಿಮಿಷ. “ಈಗ ಹಾರಿಸಿ ಸರ್.” ಹಾರಿಸಿದೆ. ಎಷ್ಟೇ ಎಳೆದರೂ ಕಪ್ಪಾಗಲಿಲ್ಲ! ಥ್ಯಾಂಕ್ಸ್ ಹೇಳಿದ್ದಷ್ಟೇ ಅಲ್ಲ, ಗುಂಪಿನಲ್ಲಿ ಐದು ಸ್ಟಾರ್ ಹಾಕಿ ನಾಲ್ಕು ಸಾಲು ಹೊಗಳಿ ಬರೆದೆ. ಅದನ್ನು ಓದಿ ಇನ್ನೆಷ್ಟು ಜನ ಬಿದ್ದರೋ, ಆ ಪಾಪ ನನ್ನ ತಲೆ ಮೇಲಿದೆ.

ಬೆಳಿಗ್ಗೆ ಫೋನಿನಲ್ಲಿ ಮೇಲ್: ನಿಮ್ಮ ಖಾತೆಯ ಪಾಸ್‌ವರ್ಡ್ ಬದಲಾಗಿದೆ. ಎರಡನೇ ಮೇಲ್: ಖಾತೆಗೆ ಜೋಡಿಸಿದ ಇಮೇಲ್ ಬದಲಾಗಿದೆ. ಆರು ವರ್ಷ ಸೇರಿಸಿದ ಆಟಗಳು, ಆ್ಯಡ್-ಆನ್‌ಗಳು ಅದರಲ್ಲಿದ್ದವು. ಬ್ರೌಸರಿನಲ್ಲಿ ಸೇವ್ ಮಾಡಿಟ್ಟಿದ್ದ ಪಾಸ್‌ವರ್ಡುಗಳೆಲ್ಲ ಹೋಗಿದ್ದವು. ಎರಡು ಹಂತದ ಭದ್ರತೆ ಇತ್ತಲ್ಲ ಅಂದರೆ, ಆಗಲೇ ಲಾಗಿನ್ ಆಗಿರುವ ಬ್ರೌಸರಿನ ಗುರುತನ್ನೇ ಕದ್ದರೆ ಓಟಿಪಿ ಕೇಳುವ ಪ್ರಮೇಯವೇ ಬರುವುದಿಲ್ಲ.

ಹೀಗಾದರೆ ಏನು ಮಾಡಬೇಕು ಅನ್ನುವುದನ್ನು ನಾನು ಸರಿಯಾದ ಕ್ರಮದಲ್ಲಿ ಮಾಡಲಿಲ್ಲ, ನೀವಾದರೂ ಮಾಡಿ. ಮೊದಲು ಆ ಕಂಪ್ಯೂಟರಿನ ಇಂಟರ್ನೆಟ್ ಕಿತ್ತುಹಾಕಿ. ಪಾಸ್‌ವರ್ಡುಗಳನ್ನು ಬೇರೆ ಫೋನಿನಿಂದ ಬದಲಿಸಿ, ಮೊದಲು ಇಮೇಲಿನದು; ‘ಎಲ್ಲ ಸಾಧನಗಳಿಂದ ಲಾಗೌಟ್’ ಒತ್ತಿ. ನಾನು ಹೆದರಿಕೆಯಲ್ಲಿ ಅದೇ ಕಂಪ್ಯೂಟರಿನಲ್ಲಿ ಕೂತು ಹೊಸ ಪಾಸ್‌ವರ್ಡ್ ಟೈಪ್ ಮಾಡಿದೆ, ಅಂದರೆ ಅದನ್ನೂ ಕಳ್ಳನಿಗೆ ಕೊಟ್ಟೆ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿ, ತಡ ಮಾಡಿದಷ್ಟೂ ದುಡ್ಡು ತಡೆಹಿಡಿಯುವುದು ಕಷ್ಟ. ಆಮೇಲೆ ವಿಂಡೋಸ್ ಪೂರ್ತಿ ಅಳಿಸಿ ಹೊಸದಾಗಿ ಹಾಕಿ, ಬರೀ ಸ್ಕ್ಯಾನ್ ಮಾಡಿ ಸುಮ್ಮನಾಗಬೇಡಿ.

ಹೊಸದಾಗಿ ಎಲ್ಲ ಹಾಕಿ, ಖಾತೆ ವಾಪಸ್ ಬಂದ ಮೇಲೆ (ಹನ್ನೊಂದು ದಿನ, ಮೊದಲ ಖರೀದಿಯ ರಸೀದಿ ತೋರಿಸಬೇಕಾಯಿತು) ಸೆಟ್ಟಿಂಗ್ಸ್ ಪುಟ ತೆಗೆದೆ. ಅಲ್ಲಿತ್ತು: ‘ಜಿ ಪರಿಣಾಮ’, ಪಕ್ಕದಲ್ಲಿ ಟಿಕ್. ಆ ಒಂದು ಕ್ಷಣ ಬಂದು ಹೋದ ಪುಟ. 1,499 ತಗೊಂಡು ಅವನು ಮಾಡಿದ್ದ ರಿಪೇರಿ ಆ ಟಿಕ್ ತೆಗೆದದ್ದು.

ಆದ್ದರಿಂದ ಈಗ ನನ್ನ ರೂಢಿ ಏನೆಂದರೆ, ಏನು ಕೆಟ್ಟಂತೆ ಕಂಡರೂ ಮೊದಲು ರಿಯಲಿಸಂ ಆಯ್ಕೆಗಳನ್ನು ಒಂದೊಂದಾಗಿ ಆಫ್ ಮಾಡಿ ಅದೇ ಹಾರಾಟ ಮತ್ತೆ ಮಾಡುತ್ತೇನೆ. ಒಟ್ಟಿಗೇ ಎಲ್ಲ ತೆಗೆದರೆ ಯಾವುದರಿಂದ ಸರಿಯಾಯಿತು ಅಂತ ತಿಳಿಯುವುದಿಲ್ಲ. ಎಂಜಿನ್ ಓಡುತ್ತಿರುವ ವಿಮಾನದಿಂದಲೇ ಶುರುಮಾಡಿ ನೋಡುತ್ತೇನೆ; ಅಲ್ಲಿ ಸರಿ ಇದ್ದರೆ ತಪ್ಪು ನನ್ನ ಸ್ವಿಚ್ಚುಗಳಲ್ಲಿದೆ. ಹೊಸ ಜಾಯ್‌ಸ್ಟಿಕ್ ಚುಚ್ಚಿದಾಗ ಕಂಟ್ರೋಲ್ ಪಟ್ಟಿಯನ್ನೂ ನೋಡಿ. ಒಂದೇ ಕೆಲಸ ಎರಡು ಸಾಧನಕ್ಕೆ ತಾನಾಗಿಯೇ ಅಂಟಿಕೊಂಡಿರುತ್ತದೆ, ಒಂದು ಎಳೆದರೆ ಇನ್ನೊಂದು ತಳ್ಳುತ್ತದೆ, ವಿಮಾನಕ್ಕೆ ದೆವ್ವ ಹಿಡಿದ ಹಾಗಿರುತ್ತದೆ. ಆ್ಯಡ್-ಆನ್ ಜೊತೆ ಬರುವ ಪಿಡಿಎಫ್ ನೂರಾರು ಪುಟ ಇರುತ್ತದೆ, ಪೂರ್ತಿ ಓದಿ ಅಂತ ನಾನೇನೂ ಹೇಳುವುದಿಲ್ಲ, ಸ್ಟಾರ್ಟಪ್ ಅಧ್ಯಾಯವನ್ನಾದರೂ ಓದಿ. ದುಡ್ಡು ಕೊಟ್ಟು ತಗೊಂಡಿದ್ದೀರಿ, ತಯಾರಕರಿಗೇ ಬರೆದು ಕೇಳಿ. ಆ್ಯಂಟಿವೈರಸ್ ಆಫ್ ಮಾಡಿ ಅನ್ನುವವನ ಜೊತೆ ಮಾತು ಅಲ್ಲಿಗೇ ಮುಗಿಸಿ.

1,499 ವಾಪಸ್ ಬಂದಿಲ್ಲ. ಅಂಗಡಿಯ ಹುಡುಗನಿಗೆ ಎಲ್ಲ ಹೇಳಿದೆ, ಅರ್ಧ ನಂಬಿದ. ತೆಗೆದಿಟ್ಟ ಹಳೆಯ ಎಸ್‌ಎಂಪಿಎಸ್, 550 ವ್ಯಾಟ್, ಮಂಚದ ಕೆಳಗೆ ಸುಮ್ಮನೆ ಬಿದ್ದಿದೆ, ಅದಕ್ಕೇನೂ ಆಗಿಲ್ಲ. ಬಳ್ಳಾರಿಯಲ್ಲಿ ಯಾರಿಗಾದರೂ ಬೇಕಿದ್ದರೆ ಹೇಳಿ.