ಹೊಸ ಟೂರಿಂಗ್ ಬೈಕ್ ಮೊದಲ ಬ್ಯಾಚಲ್ಲೇ ಬುಕ್ ಮಾಡ್ತಿರೋರು ಒಂದ್ನಿಮಿಷ ಇದನ್ನ ಓದ್ಬಿಡಿ

ಟೂರಿಂಗ್ ಬೈಕ್ ತಗೋಬೇಕು ಅಂತ ದುಡ್ಡು ಹೊಂದಿಸ್ತಿರೋರು, ಅದ್ರಲ್ಲೂ ಮೊನ್ನೆ ಮೊನ್ನೆ ಲಾಂಚ್ ಆಗಿರೋದೇ ಬೇಕು ಅಂತ ಹಟ ಹಿಡಿದಿರೋರು, ಟೋಕನ್ ಕಟ್ಟೋಕೆ ಮುಂಚೆ ಇದನ್ನ ಪೂರ್ತಿ ಓದಿ. ಕಂಪನಿ ಹೆಸರು ಹೇಳಲ್ಲ, ದೂರು ಇನ್ನೂ ನಡೀತಿದೆ, ಪರ್ಸನಲ್ಲಾಗಿ ಮೆಸೇಜ್ ಮಾಡಿ ಕೇಳಿದ್ರೂ ಹೇಳಲ್ಲ, ಬೇಜಾರು ಮಾಡ್ಕೋಬೇಡಿ. ಕೆಳಗೆ ಹೆಸರು ಹಿಡಿದು ಹೇಳಿರೋ ಬೈಕುಗಳಲ್ಲಿ ಯಾವುದೂ ನನ್ನದಲ್ಲ, ಅದನ್ನೂ ಈಗ್ಲೇ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಕಾಮೆಂಟಲ್ಲಿ ಫ್ಯಾನ್ ವಾರ್ ಶುರುವಾಗುತ್ತೆ.

ವಿಷಯ ಇಷ್ಟೇ. ಹೊಸ ಮಾಡೆಲ್ ಲಾಂಚ್ ಆದಾಗ ಶೋರೂಮಿಗೆ ಬರೋದು ಬೈಕ್ ಮಾತ್ರ. ಅದರ ಸ್ಪೇರು, ಅದನ್ನ ಬಿಚ್ಚಿ ಗೊತ್ತಿರೋ ಮೆಕ್ಯಾನಿಕ್ಕು, ಅದರ ಸ್ಕ್ಯಾನರ್ ಸಾಫ್ಟ್‌ವೇರು ಇವೆಲ್ಲ ಎಷ್ಟೋ ತಿಂಗಳು ಬಿಟ್ಟು ನಿಧಾನಕ್ಕೆ ಬರ್ತಾವೆ. ಎಲೆ ಹಾಕಿ ಪಂಕ್ತೀಲಿ ಕೂರಿಸಿದಾರೆ, ಅನ್ನ ಇನ್ನೂ ಒಲೆ ಮೇಲಿದೆ. ಊರೊಳಗೆ ಓಡಿಸೋ ಸ್ಕೂಟರ್ ಆದ್ರೆ ಹೆಂಗೋ ನಡಿಯುತ್ತೆ, ಕೈ ಕೊಟ್ರೆ ಆಟೋ ಹಿಡಿದು ಮನೆಗೆ ಬರಬಹುದು. ಟೂರಿಂಗ್ ಬೈಕ್ ಅಂದ್ರೆ ನಾವು ತಗೊಳ್ಳೋದೇ ಮನೆಯಿಂದ ದೂರ ಹೋಗೋಕೆ, ಅದು ಕೈ ಕೊಡೋದೂ ದೂರದಲ್ಲೇ.

ನನ್ನ ಬೈಕ್ ಒಂದು ದೊಡ್ಡ ಸಿಂಗಲ್ ಸಿಲಿಂಡರ್, ಲಿಕ್ವಿಡ್ ಕೂಲ್ಡ್ (ಅಂದ್ರೆ ಎಂಜಿನ್ ಬಿಸಿ ಇಳಿಸೋಕೆ ಕೂಲಂಟ್ ಅನ್ನೋ ದ್ರವ, ಅದನ್ನ ತಣ್ಣಗೆ ಮಾಡೋಕೆ ಮುಂದೆ ರೇಡಿಯೇಟರ್, ಫ್ಯಾನು), ಮುಂದೆ 21 ಇಂಚಿನ ಸ್ಪೋಕ್ ಚಕ್ರ, ದೊಡ್ಡ ಕಲರ್ ಡಿಸ್ಪ್ಲೇ. ಹೈವೇಲಿ ನಿಜಕ್ಕೂ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ತುಮಕೂರು ದಾಟಿ ಚಿತ್ರದುರ್ಗದ ಕಡೆ 100ರಲ್ಲಿ ಇಟ್ರೆ ಹಿಂದೆ ಕೂತೋರಿಗೆ ನಿದ್ದೆ ಬರ್ಬೇಕು ಅಷ್ಟು ಆರಾಮ. ರನ್ನಿಂಗ್ ಇನ್ ಮುಗೀತು, ಮೊದಲ ಸರ್ವಿಸ್ ಆಯ್ತು, ಆಗ್ಲೇ ಡಿಸ್ಪ್ಲೇ ಒಳಗೆ ಬೆಳಿಗ್ಗೆ ಹೊತ್ತು ಮಂಜು ಕಟ್ಟೋಕೆ ಶುರುವಾಗಿತ್ತು, ಗಾಜಿನ ಒಳಗಡೆ ಸಣ್ಣ ಸಣ್ಣ ಹನಿ. ಕೇಳಿದ್ರೆ ಅಡ್ವೈಸರ್ ಹೇಳಿದ್ದು, ಮಳೆಗಾಲ ಅಲ್ವಾ ಸಾರ್ ಎಲ್ಲಾ ಬೈಕಲ್ಲೂ ಹಿಂಗೇ, ಬಿಸಿಲಲ್ಲಿ ನಿಲ್ಸಿ ಹೋಗುತ್ತೆ ಅಂತ. ಹೊಸ ಮಾಡೆಲ್ಲಿನ ಬಗ್ಗೆ "ಎಲ್ಲಾ ಬೈಕಲ್ಲೂ ಹಿಂಗೇ" ಅನ್ನೋಕೆ ಆ ಪುಣ್ಯಾತ್ಮ ಅಷ್ಟೊತ್ತಿಗೆ ಎಷ್ಟು ಬೈಕ್ ನೋಡಿದ್ದ ಅನ್ನೋದು ಬೇರೆ ಪ್ರಶ್ನೆ.

ಆಮೇಲೆ ಧರ್ಮಸ್ಥಳಕ್ಕೆ ಹೋಗಿ ವಾಪಸ್ ಬರ್ತಾ ಚಾರ್ಮಾಡಿ ಹತ್ತುವಾಗ ಆಯ್ತು. ಮಳೆ ಜೋರಿಲ್ಲ, ಜಿಟಿಜಿಟಿ. ಮುಂದೆ ಕೆಎಸ್‌ಆರ್‌ಟಿಸಿ ಬಸ್ಸು, ಓವರ್ಟೇಕ್ ಮಾಡೋ ಜಾಗ ಅಲ್ಲ, ಚಾರ್ಮಾಡಿ ತಿರುವು ಗೊತ್ತಿರೋರಿಗೆ ಗೊತ್ತು. ಸೆಕೆಂಡ್ ಗೇರಲ್ಲಿ 15, 20 ಸ್ಪೀಡಲ್ಲಿ ಬಸ್ಸಿನ ಹಿಂದೆನೇ ಹೋಗ್ತಿದ್ದೆ. ಇಂಥಾ ಕಡೆ ರೇಡಿಯೇಟರಿಗೆ ಎದುರುಗಾಳಿ ಸಿಗಲ್ಲ, ಫ್ಯಾನ್ ತಿರುಗ್ಲೇಬೇಕು, ತಿರುಗ್ಲಿಲ್ಲ. ಟೆಂಪರೇಚರ್ ಕಡ್ಡಿ ಒಂದೊಂದೇ ಮೇಲೇರ್ತು, ಆಮೇಲೆ ಹಳದಿ ಎಂಜಿನ್ ಲೈಟು, ಅದಾದ್ಮೇಲೆ ಆಕ್ಸಿಲರೇಟರ್ ಎಷ್ಟು ತಿರುವಿದ್ರೂ ಎಂಜಿನ್ ಕೇಳ್ತಾನೇ ಇಲ್ಲ. ಲಿಂಪ್ ಮೋಡ್ ಅಂತಾರೆ ಇದಕ್ಕೆ, ಎಂಜಿನ್ ಸುಟ್ಟುಹೋಗದೆ ಇರಲಿ ಅಂತ ಇಸಿಯು, ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರ್ರೇ ಪವರ್ ಕಟ್ ಮಾಡುತ್ತೆ. ಒಳ್ಳೆ ಏರ್ಪಾಡೇ, ಆದ್ರೆ ಹಿಂದೆ ಹೆಂಡತಿ, ಪಕ್ಕಕ್ಕೆ ಕಟ್ಟಿದ ಎರಡು ಬ್ಯಾಗು, ಹಿಂದಿಂದ ಹಾರ್ನ್ ಹೊಡೀತಿರೋ ಟಿಟಿ, ಎಡಗಡೆ ಇಳಿಜಾರು ಇರೋವಾಗ ಬೈಕ್ ಸ್ವಂತ ಬುದ್ಧಿ ಉಪಯೋಗಿಸಿದ್ರೆ ಎದೆ ಝಲ್ ಅನ್ನುತ್ತೆ. ಅಣ್ಣಪ್ಪ ಸ್ವಾಮಿ ಗುಡಿ ದಾಟಿ ಸ್ವಲ್ಪ ಮೇಲೆ ಅಗಲ ಇರೋ ಜಾಗಕ್ಕೆ ತಳ್ಳಿ ನಿಲ್ಸಿದ್ವಿ.

ನೆಟ್‌ವರ್ಕ್ ಇಲ್ಲ. ಜೊತೆಗಿದ್ದ ಗೆಳೆಯನ ಹಳೇ 150 ಸಿಸಿ ಬೈಕಲ್ಲಿ ಕೂತು ಕೊಟ್ಟಿಗೆಹಾರಕ್ಕೆ ಹೋಗಿ ರೋಡ್ ಸೈಡ್ ಅಸಿಸ್ಟೆನ್ಸಿಗೆ ಫೋನ್ ಮಾಡಿದ್ರೆ ಆ ಕಡೆ ಹಿಂದಿ, ಪಿನ್‌ಕೋಡ್ ಹೇಳಿ ಲ್ಯಾಂಡ್‌ಮಾರ್ಕ್ ಹೇಳಿ ಅಂತಾರೆ, ಘಾಟಿ ತಿರುವಿಗೆ ಏನು ಪಿನ್‌ಕೋಡ್ ಹೇಳೋದು. ಕೊನೆಗೆ ಟೋಯಿಂಗ್ ಗಾಡಿ ಬಂದಾಗ ಕತ್ತಲಾಗಿತ್ತು. ಇಲ್ಲಿ ಒಂದು ವಿಷಯ ನೋಡ್ಕೊಳ್ಳಿ, ಟೋಯಿಂಗ್ ಫ್ರೀ ಅಂತ ಬ್ರೋಷರಲ್ಲಿ ಹಾಕಿರ್ತಾರೆ, ಒಳಗೆ ಇಂತಿಷ್ಟು ಕಿಲೋಮೀಟರ್ ತನಕ, ಹತ್ತಿರದ ಅಧಿಕೃತ ಸರ್ವಿಸ್ ಸೆಂಟರಿಗೆ ಮಾತ್ರ ಅಂತ ಷರತ್ತು ಇರುತ್ತೆ. ನೀವು ಬೈಕ್ ತಗೊಂಡ ಶೋರೂಮಿಗೆ ಬೇಕು ಅಂದ್ರೆ ಮಿಕ್ಕಿದ್ದು ನಿಮ್ಮ ಜೇಬಿಂದ. ಮಲೆನಾಡು, ಕರಾವಳಿ, ಕೊಡಗು ಕಡೆ ಸುತ್ತೋರು ಮ್ಯಾಪ್ ತೆಗೆದು ಆ ಬ್ರ್ಯಾಂಡಿನ ಸರ್ವಿಸ್ ಸೆಂಟರ್ ಎಲ್ಲೆಲ್ಲಿದೆ ಅಂತ ಈಗ್ಲೇ ಗುರುತು ಹಾಕಿ ನೋಡಿ, ಎರಡು ಸೆಂಟರ್ ನಡುವೆ ಎಷ್ಟು ದೊಡ್ಡ ಖಾಲಿ ಜಾಗ ಇದೆ ಅಂತ ಗೊತ್ತಾಗುತ್ತೆ.

ನಿಜವಾದ ತಲೆನೋವು ಸರ್ವಿಸ್ ಸೆಂಟರಲ್ಲಿ. ಹುಡುಗ ಲ್ಯಾಪ್‌ಟಾಪ್ ತಂದು ಸೀಟಡಿ ಕೇಬಲ್ ಚುಚ್ಚಿದ, ಮಾಡೆಲ್ ಲಿಸ್ಟಲ್ಲಿ ಮೇಲಿಂದ ಕೆಳಗೆ ಸ್ಕ್ರೋಲ್ ಮಾಡ್ದ, ಕೆಳಗಿಂದ ಮೇಲಕ್ಕೆ ಮಾಡ್ದ, ನನ್ನ ಮಾಡೆಲ್ಲೇ ಅದ್ರಲ್ಲಿಲ್ಲ. ಅಪ್ಡೇಟ್ ಬರ್ಬೇಕು ಸಾರ್ ಅಂದ. ಪಾಪ ಆ ಹುಡುಗನ ತಪ್ಪಲ್ಲ, ಅವನಿಗೆ ಟ್ರೈನಿಂಗೇ ಆಗಿಲ್ಲ. ಸ್ಕ್ಯಾನರ್ ಇಲ್ದೆ ಊಹೆ ಮೇಲೆ ಕೆಲಸ ಶುರುಮಾಡಿದ್ರು. ಮೊದಲು ಕೂಲಂಟ್ ಕಮ್ಮಿ ಅಂದ್ರು, ಸರಿ ಇತ್ತು. ಆಮೇಲೆ ಸೆನ್ಸರ್ ಅಂದ್ರು. ಅದಾದ್ಮೇಲೆ ಮ್ಯಾನೇಜರ್ ಬಂದು ಬೈಕ್ ಸುತ್ತ ಒಂದು ಸುತ್ತು ಹಾಕಿ, ಸಾರ್ ಎಕ್ಸ್‌ಟ್ರಾ ಫಾಗ್ ಲ್ಯಾಂಪ್ ಹಾಕ್ಸಿದೀರ, ವೈರಿಂಗ್ ಕಟ್ ಆಗಿರುತ್ತೆ, ಎಲೆಕ್ಟ್ರಿಕಲ್ ವಾರಂಟಿ ಕೊಡೋಕಾಗಲ್ಲ ಅಂದ. ಆ ಫಾಗ್ ಲ್ಯಾಂಪ್ ಅದೇ ಕಂಪನಿ ಆಕ್ಸೆಸರಿ, ಬಿಲ್ ಸಮೇತ ಶೋರೂಮಲ್ಲೇ ಹಾಕ್ಸಿದ್ದು. ಬಿಲ್ ಮೊಬೈಲಲ್ಲಿ ಫೋಟೋ ಇತ್ತು, ತೋರಿಸ್ದೆ, ಮಾತು ಬದಲಾಯ್ತು. ಬಿಲ್ ಇಲ್ದೇ ಇದ್ರೆ ಅಲ್ಲಿಗೇ ನನ್ನ ಕತೆ ಮುಗೀತಿತ್ತು.

ಕೊನೆಗೆ ಹಳೇ ಕಾಲದ ಒಬ್ಬ ಮೇಸ್ತ್ರಿ, ಸ್ಕ್ಯಾನರ್ ಗೀನರ್ ಪಕ್ಕಕ್ಕಿಡ್ರೋ ಅಂದು ಮುಂದಿನ ಪ್ಯಾನೆಲ್ ಬಿಚ್ಚಿ ಫ್ಯಾನಿಗೆ ಹೋಗೋ ಕನೆಕ್ಟರ್ ಎಳೆದು ತೋರಿಸಿದ್ರು. ಒಳಗೆ ಪಿನ್ನುಗಳ ಮೇಲೆ ಪಾಚಿ ಕಟ್ಟಿದಂಗೆ ಹಸಿರು ತುಕ್ಕು. ಕನೆಕ್ಟರ್ ಕೂತಿರೋ ಜಾಗ ಎಲ್ಲಿ ಅಂದ್ರೆ ಮುಂದಿನ ಚಕ್ರದಿಂದ ಎರಚೋ ನೀರು ನೇರ ಬಡಿಯೋ ಕಡೆ, ಮುಚ್ಚೋಕೆ ರಬ್ಬರ್ ಬೂಟ್ ಕೂಡ ಇಲ್ಲ. ಆಫ್‌ರೋಡು ಅಡ್ವೆಂಚರು ಹೊಳೆ ದಾಟೋದು ಅಂತ ಜಾಹೀರಾತು ಮಾಡೋ ಬೈಕಿದು. ಮಜಾ ಗೊತ್ತಾ, ಅದೇ ವರ್ಕ್‌ಶಾಪಲ್ಲಿ ಪಿಡಿಐಗೆ (ಡೆಲಿವರಿಗೆ ಮುಂಚಿನ ತಪಾಸಣೆಗೆ) ಬಂದು ನಿಂತಿದ್ದ ಆಮೇಲಿನ ಬ್ಯಾಚಿನ ಬೈಕಲ್ಲಿ ಅದೇ ಜಾಗದಲ್ಲಿ ಕರೀ ರಬ್ಬರ್ ಬೂಟ್ ಇತ್ತು. ಅಂದ್ರೆ ಫ್ಯಾಕ್ಟರಿಗೆ ವಿಷಯ ಗೊತ್ತಾಗಿದೆ, ಸದ್ದಿಲ್ದೆ ಸರಿ ಮಾಡ್ಕೊಂಡಿದಾರೆ, ಆಗ್ಲೇ ತಗೊಂಡಿದ್ದ ನಮಗೆ ಒಂದು ಫೋನಿಲ್ಲ ಒಂದು ಮೆಸೇಜಿಲ್ಲ. ದೋಷ ಇರೋ ಗಾಡಿ ವಾಪಸ್ ಕರೆಸೋ ಬಗ್ಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲೇ ಇದೆ, ಆದ್ರೆ ಇಂಥಾ ಸಣ್ಣ ಸಣ್ಣ ಬದಲಾವಣೆಗಳು ರೀಕಾಲ್ ಅನ್ನೋ ಹೆಸರು ತಗೊಳ್ದೇನೇ ಮುಗಿದುಹೋಗ್ತಾವೆ.

ಕನೆಕ್ಟರ್ ಬೇರೆ ಸಿಗಲ್ವಂತೆ, ಪೂರ್ತಿ ವೈರಿಂಗ್ ಹಾರ್ನೆಸ್ಸೇ, ಅಂದ್ರೆ ಬೈಕಿನ ವೈರುಗಳ ಕಟ್ಟನ್ನೇ ಬದಲಾಯಿಸ್ಬೇಕು, ಹಾರ್ನೆಸ್ಸಿನ ಪಾರ್ಟ್ ನಂಬರು ಡೀಲರ್ ಸಿಸ್ಟಮ್ಮಿಗೆ ಇನ್ನೂ ಬಂದೇ ಇಲ್ಲ, ನಂಬರಿಲ್ದೆ ಆರ್ಡರ್ ಹಾಕೋಕಾಗಲ್ಲ. ಇಎಂಐ ಮಾತ್ರ ತಿಂಗಳು ತಿಂಗಳು ತಾರೀಕು ತಪ್ಪದೆ ಕಟ್ ಆಗ್ತಿತ್ತು, ದಸರಾ ರಜೆ ಹೋಯ್ತು, ದೀಪಾವಳಿ ಹೋಯ್ತು, ಬೈಕ್ ವರ್ಕ್‌ಶಾಪ್ ಮೂಲೇಲಿ ಧೂಳು ತಿಂತಾ ನಿಂತಿತ್ತು. ಸ್ಪೇರ್ ಸಿಗದೇ ಇರೋದು ಹೊಸ ಮಾಡೆಲ್ಲಲ್ಲಿ ಮಾಮೂಲು, ಯಾಕಂದ್ರೆ ಶುರುವಿನಲ್ಲಿ ಸಪ್ಲೈಯರ್ ಮಾಡೋ ಪಾರ್ಟೆಲ್ಲ ಅಸೆಂಬ್ಲಿ ಲೈನಿಗೇ ಹೋಗುತ್ತೆ, ಬುಕಿಂಗ್ ಕ್ಲಿಯರ್ ಮಾಡೋದು ಮೊದಲು, ಓಡ್ತಿರೋ ಬೈಕಿನ ರಿಪೇರಿ ಆಮೇಲೆ.

ಟಯರ್ ವಿಷಯ ಬೇರೆ. ರಿಪೇರಿ ಆಗಿ ಬಂದ್ಮೇಲೆ ಒಂದ್ಸಲ ಕಡೂರು ಹತ್ರ ಮುಂದಿನ ಚಕ್ರ ಪಂಕ್ಚರ್, ಟ್ಯೂಬ್ ಇರೋ ಸ್ಪೋಕ್ ಚಕ್ರ, ವಾಲ್ವ್ ಬುಡದಲ್ಲೇ ಹರಿದಿತ್ತು ಅಂದ್ರೆ ಪ್ಯಾಚ್ ನಿಲ್ಲಲ್ಲ. ಪಂಕ್ಚರ್ ಅಂಗಡಿಯವನು 17 ಇದೆ, 18 ಇದೆ, ಬುಲೆಟ್ಟಿಂದು 19 ಇದೆ, 21 ಕೇಳಿದ್ರೆ ಮುಖ ನೋಡ್ದ. ಟ್ಯೂಬ್‌ಲೆಸ್ ಅಲ್ಲದ ದೊಡ್ಡ ಚಕ್ರದ ಬೈಕ್ ತಗೊಳ್ಳೋರು ಸ್ಪೇರ್ ಟ್ಯೂಬ್ ಎರಡು ಸೀಟ್ ಬ್ಯಾಗಲ್ಲಿ ಇಟ್ಕೊಂಡೇ ಓಡಾಡಿ.

ಈಗ ಕೆಲವರು ಹೇಳ್ತಾರೆ, ನಿಂದು ಒಂದು ಪೀಸ್ ಕೆಟ್ಟದ್ದು ಬಂದಿರಬಹುದು ಅಂತ. ಇರಬಹುದು. ಆದ್ರೆ ರಿಪೇರಿ ವಿಷಯ ಪಕ್ಕಕ್ಕಿಟ್ರೂ ಕಾದೋರಿಗೇ ಒಳ್ಳೇದಾಗಿರೋ ಉದಾಹರಣೆ ಬೇಕಾದಷ್ಟಿದೆ. ರಾಯಲ್ ಎನ್‌ಫೀಲ್ಡಿನ ಮೊದಲ ಹಿಮಾಲಯನ್ 2016ರಲ್ಲಿ ಬಂದಾಗ ಕಾರ್ಬುರೇಟರ್ ಇತ್ತು, 2017ರಲ್ಲಿ ಬಿಎಸ್4 ಹೊಗೆ ನಿಯಮದ ಜೊತೆ ಫ್ಯುಯೆಲ್ ಇಂಜೆಕ್ಷನ್ ಬಂತು, 2018ರಲ್ಲಿ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂಗೆ ತಡೆಯೋದು) ಬಂತು. ಹಿಮಾಲಯನ್ 450 ನವೆಂಬರ್ 2023ರಲ್ಲಿ 2.69 ಲಕ್ಷ ಎಕ್ಸ್ ಶೋರೂಮಿಗೆ ಲಾಂಚ್ ಆಯ್ತು, ಎಲ್ಲರೂ ಕೇಳ್ತಿದ್ದ ಟ್ಯೂಬ್‌ಲೆಸ್ ಸ್ಪೋಕ್ ಚಕ್ರ ಇಲ್ಲಿ ಸಿಕ್ಕಿದ್ದು 2024ರಲ್ಲಿ. ಕೆಟಿಎಂ 390 ಅಡ್ವೆಂಚರ್ 2020ರಲ್ಲಿ ಬಂದಾಗ ಅಡ್ಜಸ್ಟ್ ಮಾಡೋ ಸಸ್ಪೆನ್ಷನ್ನೂ ಸ್ಪೋಕ್ ಚಕ್ರನೂ ಬೇಕು ಅಂತ ಕೇಳ್ತಾನೇ ಇದ್ರು, ಬಂದಿದ್ದು 2023ರಲ್ಲಿ. 2025ರ ಶುರುವಿನಲ್ಲಿ ಬಂದ ಅದೇ 390 ಅಡ್ವೆಂಚರಿನ ಎಕ್ಸ್ ಮಾಡೆಲ್ಲಲ್ಲಿ ಕ್ರೂಸ್ ಕಂಟ್ರೋಲ್ ಇರ್ಲಿಲ್ಲ, ಕೆಲವೇ ತಿಂಗಳಲ್ಲಿ ಸ್ವಲ್ಪ ಬೆಲೆ ಏರಿಸಿ ಕೊಟ್ಟೇ ಕೊಟ್ರು, ಮೊದಲ ವಾರ ತಗೊಂಡೋರು ಕೈ ಕೈ ಹಿಸುಕಿಕೊಂಡ್ರು. ಕಾದ್ರೆ ರೇಟ್ ಜಾಸ್ತಿ ಆಗುತ್ತೆ ಅನ್ನೋದೂ ಸುಳ್ಳಲ್ಲ, ಹಿಮಾಲಯನ್ 450ಯ ಇಂಟ್ರಡಕ್ಟರಿ ಬೆಲೆ 2023ರ ಕೊನೇಗೆ ಮುಗೀತು, ಸೆಪ್ಟೆಂಬರ್ 22, 2025ರಿಂದ 350 ಸಿಸಿ ಮೇಲಿನ ಬೈಕಿಗೆ ಜಿಎಸ್‌ಟಿ 40 ಪರ್ಸೆಂಟ್ ಆಗಿದೆ. ಸೇಲ್ಸ್‌ನವರು ಇದನ್ನೇ ಹಿಡ್ಕೊಂಡು ಹೆದರಿಸ್ತಾರೆ. ಹದಿನೈದು ಸಾವಿರ ಉಳಿಸೋಕೆ ಹೋಗಿ ಬೈಕ್ ತಿಂಗಳುಗಟ್ಟಲೆ ಮೂಲೇಲಿ ನಿಂತ್ರೆ ಆ ಲೆಕ್ಕ ಯಾರು ಕೊಡ್ತಾರೆ.

ಯೂಟ್ಯೂಬ್ ರಿವ್ಯೂ ನೋಡಿ ತೀರ್ಮಾನ ಮಾಡೋರಿಗೆ ಒಂದು ಮಾತು. ಲಾಂಚ್ ವಾರದಲ್ಲಿ ಬರೋ ವಿಡಿಯೋಗಳು ಬಹುಪಾಲು ಕಂಪನಿಯೇ ಕರ್ಕೊಂಡು ಹೋಗಿರೋ ಮೀಡಿಯಾ ರೈಡು, ಒಂದೆರಡು ದಿನ, ಹಿಂದೆ ಕಂಪನಿ ಮೆಕ್ಯಾನಿಕ್ ವ್ಯಾನು. ಎತ್ತರದ ತಣ್ಣಗಿನ ಬೆಟ್ಟದಲ್ಲಿ ಓಡಿಸಿ ಹೀಟ್ ಏನೂ ಇಲ್ಲ ಅಂದ್ರೆ ಅದು ಏಪ್ರಿಲ್ ತಿಂಗಳ ಸಿಲ್ಕ್ ಬೋರ್ಡಿಗೂ ಕಲಬುರಗಿಗೂ ಅನ್ವಯಿಸಲ್ಲ. 20 ಸಾವಿರ ಕಿಲೋಮೀಟರ್ ಓಡಿಸಿರೋ ಓನರ್ ಬೈತಿರೋ ವಿಡಿಯೋ ಹುಡುಕಿ, ಕ್ಯಾಮೆರಾ ಕ್ವಾಲಿಟಿ ಕೆಟ್ಟದಾಗಿರುತ್ತೆ, ಮಾಹಿತಿ ಚೆನ್ನಾಗಿರುತ್ತೆ.

ಶೋರೂಮಿಗೆ ಹೋಗೋಕೆ ಮುಂಚೆ ಸರ್ವಿಸ್ ಸೆಂಟರಿಗೆ ಹೋಗಿ. ಶನಿವಾರ ಬೆಳಿಗ್ಗೆ ಹೋಗಿ ಗೇಟ್ ಹತ್ರ ನಿಂತ್ರೂ ಸಾಕು, ಅದೇ ಮಾಡೆಲ್ ತಂದಿರೋರನ್ನ ಮಾತಾಡ್ಸಿ, ಮೂಲೇಲಿ ಧೂಳು ಹಿಡಿದು ನಿಂತಿರೋ ಹೊಸ ಬೈಕ್ ಇದ್ರೆ ಯಾಕೆ ನಿಂತಿದೆ ಅಂತ ಹುಡುಗರನ್ನ ಕೇಳಿ, ಮ್ಯಾನೇಜರನ್ನಲ್ಲ. ಸ್ಪೇರ್ ಕೌಂಟರಲ್ಲಿ ಕ್ಲಚ್ ಕೇಬಲ್, ಬ್ರೇಕ್ ಲಿವರ್, ಮುಂದಿನ ಇಂಡಿಕೇಟರ್, ಏರ್ ಫಿಲ್ಟರ್ ಇವು ಸ್ಟಾಕಿದ್ಯಾ ಅಂತ ಕೇಳಿ. ಬೈಕ್ ಒಂದ್ಸಲ ಸೈಡಿಗೆ ಬಿದ್ರೆ ಮೊದಲು ಮುರಿಯೋದೇ ಲಿವರ್ರು, ಅದೇ ಇಲ್ಲ ಅಂದ್ರೆ ಮಿಕ್ಕಿದ್ದು ಕೇಳೋದೇ ಬೇಡ. ಟೆಸ್ಟ್ ರೈಡು ಅಂತ ರಿಂಗ್ ರೋಡಲ್ಲಿ ಎರಡು ಕಿಲೋಮೀಟರ್ ಕೊಡ್ತಾರೆ, ಒಪ್ಕೋಬೇಡಿ, ಹಿಂದೆ ಕೂರೋರನ್ನೂ ಕರ್ಕೊಂಡು ಹೋಗಿ ಟ್ರಾಫಿಕ್ಕಲ್ಲಿ ಓಡಿಸಿ, ಫ್ಯಾನ್ ಆನ್ ಆಗೋ ತನಕ ಐಡಲಲ್ಲಿ ನಿಲ್ಸಿ, ಆಫ್ ಆಗುತ್ತಾ ಅದನ್ನೂ ನೋಡಿ.

ನನ್ನ ಥರ ಆಗ್ಲೇ ತಗಲಾಕ್ಕೊಂಡಿರೋರು ಜಾಬ್ ಕಾರ್ಡ್ (ಸರ್ವಿಸಿಗೆ ಬಿಡುವಾಗ ನಿಮ್ಮ ದೂರು ಬರೆದುಕೊಳ್ಳೋ ಕಾಗದ) ವಿಷಯದಲ್ಲಿ ಗಟ್ಟಿ ಇರಿ. ನೀವು ಎಂಜಿನ್ ಆಫ್ ಆಗುತ್ತೆ ಅಂತ ಹೇಳಿದ್ರೆ ಅವರು ಬರೆಯೋದು ಜನರಲ್ ಚೆಕಪ್ ಅಂತ. ನನ್ನ ಮೊದಲ ಜಾಬ್ ಕಾರ್ಡಲ್ಲಿ ಹಂಗೇ ಇತ್ತು, ಎದುರಿಗೇ ಕೂತು ತಿದ್ದಿಸ್ದೆ, ಫ್ಯಾನ್ ತಿರುಗ್ತಿಲ್ಲ, ಘಾಟೀಲಿ ಪವರ್ ಕಟ್ ಆಗಿದೆ ಅಂತ ನನ್ನ ಮಾತಲ್ಲೇ ಬರೆಸಿದ್ಮೇಲೇ ಸೈನ್ ಹಾಕಿದ್ದು. ಗ್ರಾಹಕರ ಆಯೋಗದಲ್ಲಿ ಬೆಲೆ ಇರೋದು ಆ ಕಾಗದಕ್ಕೆ, ಫೋನಲ್ಲಿ ಜಗಳ ಆಡಿದ್ದಕ್ಕಲ್ಲ. ಮೊದಲು 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನನ್ನ ಹಾರ್ನೆಸ್ಸಿಗೆ ಪಾರ್ಟ್ ನಂಬರ್ ಹುಟ್ಟಿದ್ದು ಆ ದೂರು ಹೋದ್ಮೇಲೇನೇ. ಅಲ್ಲಿ ಆಗ್ಲಿಲ್ಲ ಅಂದ್ರೆ ಜಿಲ್ಲಾ ಆಯೋಗ, 50 ಲಕ್ಷದ ತನಕ ಅಲ್ಲೇ ನಡಿಯುತ್ತೆ, ಗಾಡಿಗೆ ಕೊಟ್ಟ ಬೆಲೆ 5 ಲಕ್ಷದ ಒಳಗಿದ್ರೆ ಫೀಸೇ ಇಲ್ಲ, ವಕೀಲರಿಲ್ದೇನೂ ಹಾಕಬಹುದು, ಆನ್‌ಲೈನಲ್ಲೂ ಆಗುತ್ತೆ. ನಂದು ಟೋಯಿಂಗ್ ಖರ್ಚು, ಬೈಕ್ ನಿಂತ ತಿಂಗಳುಗಳ ಪರಿಹಾರ ಕೇಳಿ ಹಾಕಿದೀನಿ, ಕಂಪನಿ ಕಡೆಯವರು ಮುಂದಿನ ಡೇಟ್ ಕೇಳ್ತಾ ಕೂತಿದಾರೆ.

ಬುಕ್ ಮಾಡಿಬಿಟ್ಟಿದೀನಿ ಡೆಲಿವರಿ ಆಗಿಲ್ಲ ಅನ್ನೋರು ರಿಜಿಸ್ಟ್ರೇಷನ್ ಆಗೋಕೆ ಮುಂಚೆನೇ ಯೋಚನೆ ಮಾಡಿ. ಬುಕಿಂಗ್ ದುಡ್ಡು ವಾಪಸ್ ಕೇಳೋದು ಸುಲಭ, ನಮ್ಮ ರಾಜ್ಯದಲ್ಲಿ ಲಕ್ಷ ದಾಟಿದ ಬೈಕಿಗೆ ಲೈಫ್ ಟ್ಯಾಕ್ಸೇ 18 ಪರ್ಸೆಂಟ್, ಮೇಲೆ ಸೆಸ್ಸು, ಅದನ್ನ ಕಟ್ಟಿ ನಂಬರ್ ಬಿದ್ಮೇಲೆ ಡೀಲರ್ ನಿಮ್ಮ ಫೋನ್ ಎತ್ತೋ ಸ್ಪೀಡೇ ಬದಲಾಗುತ್ತೆ. ಇಲ್ಲ, ಬೇಕೇ ಬೇಕು ಅನ್ನೋದಾದ್ರೆ ಚಾಸಿ ನಂಬರ್ ಅಲಾಟ್ ಆದ ತಕ್ಷಣ ಯಾವ ತಿಂಗಳು ತಯಾರಾಗಿದ್ದು ಅಂತ ಕೇಳಿ, ಲಾಂಚ್ ಟೈಮಿನ ಹಳೇ ಸ್ಟಾಕ್ ಆಗಿದ್ರೆ ಬೇಡ, ಹೊಸ ಬ್ಯಾಚಿಂದು ಕೊಡಿ ಅಂತ ಮೇಲ್ ಹಾಕಿ, ಬಾಯಿಮಾತಲ್ಲಿ ಬೇಡ.