ರಾಗದ ಒಗಟಿಗೆ ಮೂರು ದಾರಿ: ಕ್ವಿಜ್ ಆಪ್, ವಿಡಿಯೋ ಕರೆ, ದಿನಕ್ಕೊಂದು ಪ್ರಶ್ನೆ

ಕರ್ನಾಟಕ ಸಂಗೀತದ ಕ್ವಿಜ್ ಆಪ್ ಒಂದಕ್ಕೆ ವರ್ಷದ ಚಂದಾ ಕಟ್ಟಿದ್ದೆ. ಚಂದಾ ಅವಧಿ ಇನ್ನೂ ಮುಗಿದಿಲ್ಲ, ಆಪ್ ಫೋನಿನಿಂದ ಆಗಲೇ ಹೋಗಿದೆ. ನಡುವೆ ಕೆಲವು ತಿಂಗಳು ವಿಡಿಯೋ ಕರೆಯಲ್ಲಿ ತುಣುಕು ಕೇಳಿಸಿ ರಾಗ ಗುರುತಿಸುವ ಆಟ ಆಡಿದೆವು. ಈಗ ಉಳಿದಿರುವುದು ಪುಕ್ಕಟೆ ಆಟ: ಮೆಸೇಜ್ ಗುಂಪಿನಲ್ಲಿ ಬೆಳಿಗ್ಗೆ ಒಂದು ಒಗಟು, ರಾತ್ರಿ ಉತ್ತರ. ನನ್ನ ಮತ ಯಾವುದಕ್ಕೆ ಅಂತ ಗೊತ್ತಾಯಿತಲ್ವಾ? ಆದರೂ ಉಳಿದ ಎರಡನ್ನು ಯಾಕೆ ಬಿಟ್ಟೆವು ಎಂದು ಹೇಳಿದರೆ ಹೊಸದಾಗಿ ಗುಂಪು ಕಟ್ಟುವವರಿಗೆ ದುಡ್ಡೂ ತಲೆಬಿಸಿಯೂ ಉಳಿಯಬಹುದು.

ನಮ್ಮದು ಚಿಕ್ಕ ಗುಂಪು. ಒಂದಿಬ್ಬರು ಹಾಡುತ್ತಾರೆ, ಒಬ್ಬರು ವೀಣೆ ನುಡಿಸುತ್ತಾರೆ, ಉಳಿದವರು ನನ್ನ ಹಾಗೆ ಬರೀ ಕೇಳುಗರು. ಇಬ್ಬರು ಧಾರವಾಡದ ಕಡೆಯವರು, ಹಿಂದೂಸ್ತಾನಿ ಕೇಳಿಯೇ ಬೆಳೆದವರು.

ಆಪ್‌ನ ರೀತಿ ಎಲ್ಲರಿಗೂ ಗೊತ್ತಿರುವುದೇ. ಒಂದು ಪ್ರಶ್ನೆ, ನಾಲ್ಕು ಉತ್ತರ, ಮೇಲೆ ಓಡುವ ಗಡಿಯಾರ. ಬೇಗ ಒತ್ತಿದವರಿಗೆ ಜಾಸ್ತಿ ಅಂಕ. ಶುರುವಿನಲ್ಲಿ ಮಜಾ ಇತ್ತು. ಆಮೇಲೆ ಪ್ರಶ್ನೆಗಳು ತಳ ಕಂಡವು. ಮೇಳಕರ್ತ ರಾಗಗಳು, ಅಂದರೆ ಉಳಿದವು ಹುಟ್ಟುವ ಮೂಲ ರಾಗಗಳು, ಎಷ್ಟು? ಗುರುಗುಹ ಯಾರ ಅಂಕಿತ? ತ್ಯಾಗರಾಜರು, ದೀಕ್ಷಿತರು, ಶ್ಯಾಮಾ ಶಾಸ್ತ್ರಿಗಳು ಮೂವರೂ ಹುಟ್ಟಿದ ಊರು ಯಾವುದು? 72, ಮುತ್ತುಸ್ವಾಮಿ ದೀಕ್ಷಿತರು, ತಿರುವಾರೂರು. ಸ್ವಲ್ಪ ದಿನ ಪಾಠಕ್ಕೆ ಹೋದವರೂ ನಿದ್ದೆಗಣ್ಣಲ್ಲಿ ಹೇಳುತ್ತಾರೆ. ಎಲ್ಲರಿಗೂ ಗೊತ್ತಿರುವುದನ್ನು ಪಕ್ಕದವರಿಗಿಂತ ಅರ್ಧ ಸೆಕೆಂಡು ಮೊದಲು ಒತ್ತುವುದರಲ್ಲಿ ಸಂಗೀತ ಎಲ್ಲಿ ಬಂತು?

ಅದನ್ನಾದರೂ ಸಹಿಸಬಹುದಿತ್ತು. ಕೆಟ್ಟದ್ದು ಭೈರವಿ ಪ್ರಶ್ನೆ. ಕರ್ನಾಟಕ ಪದ್ಧತಿಯ ಭೈರವಿ 20ನೇ ಮೇಳವಾದ ನಠಭೈರವಿಯ ಜನ್ಯ, ಅಂದರೆ ಅದರಿಂದ ಹುಟ್ಟಿದ ರಾಗ. ಹಿಂದೂಸ್ತಾನಿಯವರು ಕಛೇರಿ ಮುಗಿಸಲು ಹಾಡುವ ಭೈರವಿಯ ಸ್ವರಗಳು ನಮ್ಮ 8ನೇ ಮೇಳ ಹನುಮತೋಡಿಗೆ ಹತ್ತಿರ. ಆಪ್‌ನಲ್ಲಿ ಎರಡೂ ಪದ್ಧತಿಯ ಪ್ರಶ್ನೆಗಳನ್ನು ಒಂದೇ ಚೀಲಕ್ಕೆ ಸುರಿದಿದ್ದರು. ಯಾವ ಭೈರವಿ ಎಂದು ಪ್ರಶ್ನೆಯಲ್ಲಿ ಇರುತ್ತಿರಲಿಲ್ಲ. ಒಂದು ದಿನ ನಮ್ಮ ಅಂಕ ಹೋಗುತ್ತಿತ್ತು, ಇನ್ನೊಂದು ದಿನ ಧಾರವಾಡದವರದ್ದು. ದೂರು ಬರೆದರೆ ಧನ್ಯವಾದ ಹೇಳುವ ಸಿದ್ಧ ಉತ್ತರ ಬಂತು. ಪ್ರಶ್ನೆ ಹಾಗೇ ಉಳಿಯಿತು.

ಸಂಗೀತದ ಜೂನಿಯರ್ ಪರೀಕ್ಷೆಗೆ ಓದುವ ಮಕ್ಕಳು ಮನೆಯಲ್ಲಿದ್ದರೆ ಆಪ್ ಸಾಕು. ದೊಡ್ಡವರಿಗೆ ಬೇಡ.

ವಿಡಿಯೋ ಕರೆಯ ಮೇಲೆ ನನಗೆ ತುಂಬಾ ಆಸೆ ಇತ್ತು. ಸಂಗೀತದ ಆಟ ಅಂದಮೇಲೆ ಕಿವಿಗೆ ಕೆಲಸ ಇರಬೇಕು ತಾನೆ? ಆಲಾಪನೆಯ ಏಳೆಂಟು ಸೆಕೆಂಡು ಕೇಳಿಸುವುದು, ರಾಗ ಹೇಳುವುದು. ಎದುರಿಗೆ ಮುಖಗಳು, ನಗು, ತಮಾಷೆ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಆಟ ಇಲ್ಲ.

ಆದರೆ ತಂಬೂರಿ ಕೇಳುವುದಿಲ್ಲ.

ಸಣ್ಣ ತೊಂದರೆ ಅನ್ನಿಸಬಹುದು. ಅಲ್ಲ. ವಿಡಿಯೋ ಕರೆಯ ಆಪ್‌ಗಳನ್ನು ಮಾಡಿರುವುದು ಮಾತಿಗಾಗಿ. ಮಾತು ಏರಿಳಿಯುತ್ತದೆ, ನಡುನಡುವೆ ನಿಲ್ಲುತ್ತದೆ. ಏರಿಳಿತ ಇಲ್ಲದೆ ಒಂದೇ ಸಮ ಕೇಳುವ ಸದ್ದು ಬಂದರೆ ಅದು ಫ್ಯಾನೋ, ಮಿಕ್ಸಿಯೋ ಇರಬೇಕು ಎಂದು ಆಪ್ ತೀರ್ಮಾನಿಸಿ ಅಳಿಸಿಹಾಕುತ್ತದೆ. ಆಧಾರ ಸ್ವರವಾದ ಷಡ್ಜವನ್ನು, ಅಂದರೆ ಶ್ರುತಿಯನ್ನು, ಬಿಡದೆ ಹಿಡಿದಿಡುವ ತಂಬೂರಿಯ ಕೆಲಸವೇ ಒಂದೇ ಸಮ ಕೇಳುವುದು! ಹಾಗಾಗಿ ತುಣುಕು ಶುರುವಾದಾಗ ಒಂದೆರಡು ಕ್ಷಣ ಶ್ರುತಿ ಇರುತ್ತದೆ, ಆಮೇಲೆ ಮೆಲ್ಲಗೆ ಕರಗಿಹೋಗುತ್ತದೆ. ಪಿಟೀಲಿನವರು ಒಂದು ಸ್ವರದ ಮೇಲೆ ಕಮಾನನ್ನು ಉದ್ದಕ್ಕೆ ಎಳೆದರೆ ಅದೂ ಅರ್ಧಕ್ಕೆ ಮಾಯ. ವೀಣೆಯ ಗಮಕದ, ಅಂದರೆ ಸ್ವರವನ್ನು ತೂಗಿಸಿ ಎಳೆಯುವುದರ, ಬಾಲ ಕತ್ತರಿಸಿಹೋಗುತ್ತದೆ. ಮೃದಂಗದ ಎಡಗಡೆಯ ಮೆತ್ತನೆ ಪೆಟ್ಟುಗಳಂತೂ ಇಲ್ಲವೇ ಇಲ್ಲ.

ಶ್ರುತಿ ಹೋದರೆ ಏನಾಗುತ್ತದೆ ಅಂತ ಒಂದು ಸಂಜೆ ಚೆನ್ನಾಗಿ ಗೊತ್ತಾಯಿತು. ಮೋಹನ ರಾಗದ ಕೊಳಲಿನ ತುಣುಕು. ಗುಂಪಿನಲ್ಲಿ ಹೊಸಬರಿಗೂ ಸಿಗುವ ರಾಗ. ಒಬ್ಬರು ಮಧ್ಯಮಾವತಿ ಎಂದರು. ಇನ್ನೊಬ್ಬರು ಶುದ್ಧ ಸಾವೇರಿ. ಮತ್ತೊಬ್ಬರು ಹಿಂದೋಳ ಎಂದು ಬಾಜಿ ಕಟ್ಟಲು ತಯಾರು. ಪ್ರಶ್ನೆ ಹಾಕಿದ ನಮ್ಮ ಹಿರಿಯರು, ಎಲ್ಲರೂ ಮೇಷ್ಟ್ರು ಅಂತಲೇ ಕರೆಯುವವರು, ಕಂಗಾಲಾದರು.

"ಮೇಷ್ಟ್ರೇ, ತಂಬೂರಿ ಕೇಳ್ತಿಲ್ಲ."

"ಇಲ್ಲಿ ಚೆನ್ನಾಗಿ ಕೇಳ್ತಾ ಇದೆಯಲ್ಲಪ್ಪಾ!"

ಅಲ್ಲಿ ಕೇಳುತ್ತಿತ್ತು, ಇಲ್ಲಿಗೆ ಬರುತ್ತಿರಲಿಲ್ಲ. ಮೋಹನದ ಐದು ಸ್ವರಗಳನ್ನು ಹಾಗೇ ಇಟ್ಟು ರಿಷಭವನ್ನು ಷಡ್ಜ ಎಂದುಕೊಂಡರೆ ಮಧ್ಯಮಾವತಿ ಬರುತ್ತದೆ. ಗಾಂಧಾರ ಷಡ್ಜವಾದರೆ ಹಿಂದೋಳ. ಪಂಚಮದಿಂದ ಶುದ್ಧ ಸಾವೇರಿ, ಧೈವತದಿಂದ ಶುದ್ಧ ಧನ್ಯಾಸಿ. ಇದೇ ಗ್ರಹಭೇದ. ದೊಡ್ಡ ವಿದ್ವಾಂಸರು ಕಛೇರಿಯಲ್ಲಿ ಬೇಕೆಂದೇ ಮಾಡಿ ಚಪ್ಪಾಳೆ ಗಿಟ್ಟಿಸುವುದನ್ನು ನಮ್ಮ ಆಪ್ ಯಾರೂ ಕೇಳದೆಯೇ ಮಾಡಿಬಿಟ್ಟಿತ್ತು. ಆಧಾರ ಷಡ್ಜವೇ ಕೇಳದಿದ್ದಾಗ ಯಾರ ಉತ್ತರವನ್ನು ತಪ್ಪು ಅನ್ನುವುದು? ಅಂಕ ಯಾರಿಗೆ ಕೊಡುವುದು? ಆ ಸಂಜೆ ಪೂರ್ತಿ ಅದರಲ್ಲೇ ಕಳೆಯಿತು.

ಪರಿಹಾರ ಇಲ್ಲವೆಂದಲ್ಲ. ಮೂಲ ಧ್ವನಿಯನ್ನು ಸೋಸದೆ ಹಾಗೇ ಕಳಿಸುವ ಆಯ್ಕೆ ಕೆಲವು ಆಪ್‌ಗಳಲ್ಲಿ ಸಂಗೀತಗಾರರಿಗೆಂದೇ ಇದೆ. ತುಣುಕನ್ನು ಸ್ಪೀಕರಿನಲ್ಲಿ ಹಾಕಿ ಮೈಕಿಗೆ ಕೇಳಿಸುವ ಬದಲು, ಸ್ಕ್ರೀನ್ ಹಂಚುವಾಗ ಕಂಪ್ಯೂಟರಿನ ಧ್ವನಿಯನ್ನೂ ಹಂಚು ಎಂಬ ಚೌಕಕ್ಕೆ ಗುರುತು ಹಾಕಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಆದರೆ ಆ ಗುರುತನ್ನು ಪ್ರತಿ ಸಲವೂ ನೆನಪಿಟ್ಟು ಹಾಕಬೇಕು. ಸರದಿಯ ಮೇಲೆ ಪ್ರಶ್ನೆ ಹಾಕುವವರೆಲ್ಲರೂ ಹಾಕಬೇಕು. ಅರ್ಧ ಜನ ಫೋನಿನಲ್ಲೇ ಇರುವವರು. ಅವರಿಗೆ ಆ ಆಯ್ಕೆ ಎಲ್ಲಿದೆ ಎಂದು ಹುಡುಕಿಕೊಡುವಷ್ಟರಲ್ಲಿ ಯಾರದೋ ಮನೆಯಲ್ಲಿ ಕುಕ್ಕರ್ ಕೂಗುತ್ತದೆ. ತಮಾಷೆ ನೋಡಿ, ಆ ಕೂಗು ಮಾತ್ರ ಎಲ್ಲರಿಗೂ ಸ್ಪಷ್ಟ.

ಇನ್ನೊಂದು ಕಿರಿಕಿರಿ ತಡವಾಗಿ ಬರುವ ಸದ್ದು. ಯಾರ ಇಂಟರ್ನೆಟ್ ಚುರುಕೋ ಅವರೇ ಮೊದಲು ಕೇಳುತ್ತಾರೆ, ಮೊದಲು ಹೇಳುತ್ತಾರೆ. ಎಲ್ಲರೂ ಕೂಡಿ ತಾಳ ಹಾಕಲು ಹೋದರೆ ನಗು ಬರುತ್ತದೆ, ತಾಳ ಬರುವುದಿಲ್ಲ.

ಈಗ ನನ್ನ ಮೆಚ್ಚಿನದಕ್ಕೆ ಬರುತ್ತೇನೆ. ದಿನಕ್ಕೊಂದೇ ಒಗಟು. ಬೆಳಿಗ್ಗೆ ಒಬ್ಬರು ಹಾಕುತ್ತಾರೆ. ಗಡಿಯಾರ ಇಲ್ಲ, ನಾಲ್ಕು ಆಯ್ಕೆ ಇಲ್ಲ. ಉತ್ತರವನ್ನು ಗುಂಪಿನಲ್ಲಿ ಬರೆಯುವ ಹಾಗಿಲ್ಲ, ಪ್ರಶ್ನೆ ಹಾಕಿದವರಿಗೆ ನೇರವಾಗಿ ಕಳಿಸಬೇಕು. ಟೆಲಿಗ್ರಾಮ್‌ನಲ್ಲಿ ಆಡುವವರು ಗುಂಪಿನಲ್ಲೇ ಉತ್ತರಕ್ಕೆ ಮುಸುಕು ಹಾಕಬಹುದು. ಮುಟ್ಟಿದರೆ ಮಾತ್ರ ಕಾಣುತ್ತದೆ. ರಾತ್ರಿ ಊಟವಾದ ಮೇಲೆ ಉತ್ತರ, ಆಮೇಲೆ ಹರಟೆ. ಆ ಹರಟೆಯೇ ಆಟದ ತಿರುಳು.

ಒಂದು ಬುಧವಾರ ಬಂದದ್ದು ಇದು: "ಇಂದು ನಾಟಕುರಂಜಿ, ನಾಳೆ ಅಠಾಣ, ನಾಡಿದ್ದು ಏನು?" ಲೆಕ್ಕದ ಹುಚ್ಚಿನವರು ತಕ್ಷಣ ಮೇಳದ ಹಿಂದೆ ಬಿದ್ದರು. ನಾಟಕುರಂಜಿ 28ರ ಜನ್ಯ, ಅಠಾಣ 29ರ ಜನ್ಯ, ಹಾಗಾದರೆ ಮುಂದಿನದು 30ನೇ ಮೇಳ ನಾಗನಂದಿನಿಯದ್ದು ಎಂದು ಅದರ ಜನ್ಯಗಳನ್ನು ಹುಡುಕುತ್ತಾ ಕೂತರು. ನಾನೂ ಸ್ವಲ್ಪ ದೂರ ಆ ದಾರಿಯಲ್ಲೇ ಹೋಗಿದ್ದೆ. ಉತ್ತರ ಫರಜು. ದೀಕ್ಷಿತರ ನವಗ್ರಹ ಕೃತಿಗಳಲ್ಲಿ ಬುಧನದ್ದು ನಾಟಕುರಂಜಿ, ಗುರುವಿನದ್ದು ಅಠಾಣ, ಶುಕ್ರನದ್ದು ಫರಜು. ಬುಧವಾರವೇ ಆ ಪ್ರಶ್ನೆ ಬಂದದ್ದೇ ಸುಳಿವು.  ಆ ರಾತ್ರಿ ಒಬ್ಬರು ಇನ್ನೊಂದು ಸೇರಿಸಿದರು: ಸೂರ್ಯನಿಂದ ಶನಿಯವರೆಗಿನ ಏಳು ಕೃತಿಗಳಲ್ಲಿ ಸೂಳಾದಿ ಸಪ್ತ ತಾಳಗಳೆಂಬ ಏಳು ಮೂಲ ತಾಳಗಳೂ ಸಾಲಾಗಿ ಬರುತ್ತವೆ, ಧ್ರುವದಿಂದ ಏಕದವರೆಗೆ. ಕೃತಿಗಳನ್ನು ಎಷ್ಟೋ ಸಲ ಕೇಳಿದ್ದರೂ ಈ ಸಾಲು ನನ್ನ ಗಮನಕ್ಕೆ ಬಂದಿರಲಿಲ್ಲ.

ಕಟಪಯಾದಿಯ ಒಗಟುಗಳು ನಮ್ಮಲ್ಲಿ ಜಾಸ್ತಿ. ಗೊತ್ತಿಲ್ಲದವರಿಗೆ, ಇದು ಅಕ್ಷರಗಳಿಗೆ ಅಂಕೆ ಕೊಡುವ ಲೆಕ್ಕ: ಕ, ಟ, ಪ, ಯ ಒಂದೊಂದು ಅಕ್ಷರದಿಂದಲೂ ಶುರುಮಾಡಿ ಒಂದು, ಎರಡು, ಮೂರು ಎಂದು ಎಣಿಸುತ್ತಾ ಹೋಗುವುದು. ನ ಸೊನ್ನೆ. ಮೇಳದ ಹೆಸರಿನ ಮೊದಲ ಎರಡು ಅಕ್ಷರದ ಅಂಕೆಗಳನ್ನು ತಿರುಗಿಸಿದರೆ ಮೇಳದ ಸಂಖ್ಯೆ. ಧೀರಶಂಕರಾಭರಣದಲ್ಲಿ ಧೀ ಒಂಬತ್ತು, ರ ಎರಡು, ತಿರುಗಿಸಿದರೆ 29. ಮೇಷ್ಟ್ರು ಕೇಳಿದ್ದು: ತಿರುಗಿಸಿದರೂ ಅಷ್ಟೇ ಉಳಿಯುವ ಮೇಳಗಳು ಯಾವುವು? 11 ಕೋಕಿಲಪ್ರಿಯ, 22 ಖರಹರಪ್ರಿಯ, 33 ಗಾಂಗೇಯಭೂಷಣಿ, 44 ಭವಪ್ರಿಯ. ಇಲ್ಲಿಯವರೆಗೆ ಜಗಳವಿಲ್ಲ. 55 ಶ್ಯಾಮಲಾಂಗಿ, 66 ಚಿತ್ರಾಂಬರಿ ಬಂದಾಗ ಶುರುವಾಯಿತು. ಒತ್ತಕ್ಷರ ಇದ್ದಾಗ ಕೊನೆಯ ವ್ಯಂಜನ ಹಿಡಿಯಬೇಕು ಎಂಬುದು ನಿಯಮ. ರತ್ನಾಂಗಿಗೆ ಅದು ಸರಿಹೋಗುತ್ತದೆ: ರ ಎರಡು, ತ್ನ ದಲ್ಲಿ ನ ಸೊನ್ನೆ, ಮೇಳ 2. ಆದರೆ ಶ್ಯಾಮಲಾಂಗಿಯಲ್ಲಿ ಯ ಹಿಡಿದರೆ 51 ಆಗುತ್ತದೆ, ಶ ಹಿಡಿದರೆ ಮಾತ್ರ 55. ಚಕ್ರವಾಕದಲ್ಲೂ ಹಾಗೇ, ಕ ಹಿಡಿದರೇ 16. ನಿಯಮವನ್ನು ಬೇಕಾದ ಕಡೆ ಬಗ್ಗಿಸಿದ್ದಾರೆ ಎಂದು ಒಬ್ಬರು, ಹೆಸರಿಟ್ಟವರಿಗೆ ಅಷ್ಟು ಸ್ವಾತಂತ್ರ್ಯ ಬೇಡವೇ ಎಂದು ಇನ್ನೊಬ್ಬರು. ಆಪ್‌ನ ಹದಿನೈದು ಸೆಕೆಂಡಿನಲ್ಲಿ ಈ ಜಗಳಕ್ಕೆ ಜಾಗ ಎಲ್ಲಿದೆ ಹೇಳಿ?

ಚರಿತ್ರೆಯ ಪ್ರಶ್ನೆಗಳೂ ಈ ಆಟದಲ್ಲಿ ಚೆನ್ನಾಗಿ ಬರುತ್ತವೆ. ತ್ಯಾಗರಾಜರಿಂದ ಮೈಸೂರು ವಾಸುದೇವಾಚಾರ್ಯರಿಗೆ ಎಷ್ಟು ಹೆಜ್ಜೆ? ಮೂರೇ. ತ್ಯಾಗರಾಜರ ಶಿಷ್ಯರು ಮಾನಂಬುಚಾವಡಿ ವೆಂಕಟಸುಬ್ಬಯ್ಯರ್, ಅವರ ಶಿಷ್ಯರು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್, ಅವರ ಶಿಷ್ಯರು ನಮ್ಮ ಆಚಾರ್ಯರು. ತ್ಯಾಗರಾಜರು ತೀರಿಕೊಂಡದ್ದು 1847ರಲ್ಲಿ, ವಾಸುದೇವಾಚಾರ್ಯರು ಇದ್ದದ್ದು 1961ರವರೆಗೆ. "ಹಾಗಾದ್ರೆ ನಮ್ಮ ತಾತ ತ್ಯಾಗರಾಜರಿಂದ ಮೂರು ಹೆಜ್ಜೆ ದೂರದವರನ್ನ ಕಣ್ಣಾರೆ ನೋಡಿದ್ರು" ಎಂದು ಒಬ್ಬರು ಬರೆದರು. ಇಸವಿ ಕೇಳುವ ಪ್ರಶ್ನೆಯಿಂದ ಈ ಮಾತು ಹುಟ್ಟುವುದಿಲ್ಲ.

ಕಿವಿಯ ಆಟವನ್ನೂ ಇಲ್ಲೇ ಸೇರಿಸಿಕೊಂಡಿದ್ದೇವೆ. ಒಂದೇ ಷರತ್ತು: ತುಣುಕನ್ನು ವಾಯ್ಸ್ ಮೆಸೇಜ್ ಆಗಿ ಕಳಿಸಬಾರದು, ಫೈಲ್ ಆಗಿ ಲಗತ್ತಿಸಬೇಕು. ವಾಯ್ಸ್ ಮೆಸೇಜ್ ಕೂಡ ಮಾತಿಗೆ ಮಾಡಿದ್ದೇ, ಸದ್ದನ್ನು ಹಿಂಡಿ ಕಳಿಸುತ್ತದೆ. ಫೈಲ್ ಆದರೆ ತಂಬೂರಿ ಪೂರ್ತಿ ಬರುತ್ತದೆ. ಇಯರ್‌ಫೋನ್ ಹಾಕಿ ಬೇಕಾದಷ್ಟು ಸಲ ಕೇಳಬಹುದು. ಒಂದೇ ಸಲ ಕೇಳಿ ಹೇಳುವ ಥ್ರಿಲ್ ಹೋಯಿತು ಎಂದು ಹಾಡುವವರು ಗೊಣಗುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ.

ಈ ಆಟಕ್ಕೂ ಕಾಟಗಳಿವೆ. ಪ್ರಶ್ನೆ ಕಟ್ಟುವುದು ಸುಲಭವಲ್ಲ, ಒಬ್ಬರ ತಲೆಗೇ ಕಟ್ಟಿದರೆ ತಿಂಗಳಲ್ಲಿ ಗುಂಪು ಸಾಯುತ್ತದೆ. ಸರದಿ ಬೇಕೇ ಬೇಕು. ಶುಭೋದಯದ ಹೂವಿನ ಚಿತ್ರಗಳಿಗೆ ಬೇರೆ ಗುಂಪು ಮಾಡಬೇಕಾಯಿತು. ಯಾವ ಪದ್ಧತಿಯ ರಾಗ ಎಂದು ಪ್ರಶ್ನೆಯಲ್ಲೇ ಬರೆಯಬೇಕು ಎಂದು ಧಾರವಾಡದವರು ನಿಯಮ ಮಾಡಿಸಿದ್ದಾರೆ, ಮೊದಲೇ ಮಾಡಬೇಕಿತ್ತು.

ನಾನು ಆರಿಸಿದ್ದು ನನ್ನ ದಿನಚರಿಗೆ ತಕ್ಕಂತೆ. ಸಂಜೆ ಒಂದೇ ಹೊತ್ತಿಗೆ ಎಲ್ಲರೊಂದಿಗೆ ಸ್ಕ್ರೀನ್ ಮುಂದೆ ಕೂರುವುದು ನನ್ನಿಂದ ಆಗುವುದಿಲ್ಲ. ಬಸ್ಸಿನಲ್ಲಿ, ಅಡುಗೆ ಮಾಡುವಾಗ ಒಂದು ಒಗಟು ತಲೆಯಲ್ಲಿ ಸುತ್ತುತ್ತಿದ್ದರೆ ಖುಷಿ. ಸುಮ್ನೆ ದುಡ್ಡು ಕೊಡುವುದೂ ಇಷ್ಟವಿಲ್ಲ. ಎಲ್ಲರ ಹತ್ತಿರ ಕಂಪ್ಯೂಟರ್ ಇದ್ದು, ಹಾಡುವವರೇ ಜಾಸ್ತಿ ಇರುವ ಗುಂಪಾದರೆ ವಿಡಿಯೋ ಕರೆಯನ್ನೇ ಹಿಡಿಯಿರಿ. ಆದರೆ ಮೊದಲ ದಿನ ಆಟ ಬೇಡ, ಬರೀ ತಂಬೂರಿ ಹಾಕಿ ಎಲ್ಲರಿಗೂ ನಿಲ್ಲದೆ ಕೇಳುತ್ತಿದೆಯೇ ಎಂದು ನೋಡಿಕೊಳ್ಳಿ.

ನಾಳೆಯ ಸರದಿ ನನ್ನದು. ಪ್ರಶ್ನೆ ಸಿದ್ಧವಾಗಿದೆ, ಕರ್ನಾಟಕ ಪದ್ಧತಿಯದ್ದು. ಮೊದಲ ಪಾಠವಾದ ಸರಳೆ ವರಸೆ ಕಲಿಸುವ ರಾಗದ ಮೇಳ ಸಂಖ್ಯೆಗೆ 36 ಕೂಡಿಸಿ. ಸಿಕ್ಕ ರಾಗಕ್ಕೆ ಮೂರು ಹೆಸರು ಬಳಕೆಯಲ್ಲಿವೆ. ಎರಡು ಹೆಸರಿಗೆ ಕಟಪಯಾದಿ ಲೆಕ್ಕ ಕೂಡಿಬರುತ್ತದೆ, ಒಂದಕ್ಕೆ ಬರುವುದಿಲ್ಲ. ಯಾವುದಕ್ಕೆ?