ಚೇರ್ಸ್ ಮಿಸ್ಸಿಂಗ್: ವೇಗ ತಗ್ಗಿಸಿದ ಪಂಕ್

ಪಂಕ್ ಎಂದರೆ ಚುಟುಕು, ವೇಗದ, ಒರಟು ರಾಕ್ ಸಂಗೀತ. ಆ ಬಗೆಯ ಲಂಡನ್ನಿನ ವೈರ್ ತಂಡದ ಮೊದಲ ಆಲ್ಬಂ ‘ಪಿಂಕ್ ಫ್ಲ್ಯಾಗ್’ (1977): 21 ಹಾಡು, ಎಲ್ಲ ಸೇರಿ ಸುಮಾರು 35 ನಿಮಿಷ. ಮರುವರ್ಷದ ‘ಚೇರ್ಸ್ ಮಿಸ್ಸಿಂಗ್’ನಲ್ಲಿ 15 ಹಾಡಿಗೆ 42 ನಿಮಿಷ. ಶಿವಮೊಗ್ಗ, ಸಾಗರದ ಕಡೆ ಬ್ಯಾಂಡ್ ಕಟ್ಟಿಕೊಂಡು, ಮೂರೇ ಕಾರ್ಡ್‌ (ಗಿಟಾರಿನ ಸ್ವರಗುಚ್ಛ) ಬಳಸುವ ಗದ್ದಲ ಸಾಕಾಯ್ತು, ಮುಂದೇನು ಅಂತ ತಡಕಾಡುತ್ತಿರುವವರು ಕೇಳಬೇಕಾದ್ದು ಈ ಎರಡನೆಯದನ್ನು.

ಹೊಸಬರು ಯಾರೂ ತಂಡಕ್ಕೆ ಸೇರಿಲ್ಲ. ಅದೇ ಎರಡು ಗಿಟಾರ್, ಬೇಸ್, ಡ್ರಮ್ಸ್. ಕೀಬೋರ್ಡ್, ಸಿಂಥಸೈಜರ್ ನುಡಿಸಿದ್ದು ಪ್ರೊಡ್ಯೂಸರ್ ಮೈಕ್ ಥಾರ್ನ್. ಆದರೆ ಬಣ್ಣ ಹೆಚ್ಚು ಬದಲಾಗಿರುವುದು ಗಿಟಾರಿನದು. ‘ಐ ಆ್ಯಮ್ ದ ಫ್ಲೈ’ ಹಾಡಿನ ಆ ಸುಳಿಯುವ ಸದ್ದು ಫ್ಲ್ಯಾಂಜರಿನದು: ಗಿಟಾರ್ ಸದ್ದಿನ ನಕಲನ್ನು ಕೆಲವೇ ಮಿಲಿಸೆಕೆಂಡ್ ತಡಮಾಡಿ, ಆ ತಡವನ್ನು ಹಿಗ್ಗಿಸುತ್ತ ಕುಗ್ಗಿಸುತ್ತ ಮೂಲಕ್ಕೇ ಬೆರೆಸುತ್ತದೆ. ಮನೆಯಲ್ಲಿ ಮಾಡಿ ನೋಡುವವರು ಡಿಸ್ಟಾರ್ಷನ್ ಪೆಡಲ್ (ಗಿಟಾರ್ ಸದ್ದನ್ನು ಒರಟಾಗಿಸುವುದು) ಮೊದಲು, ಫ್ಲ್ಯಾಂಜರ್ ಆಮೇಲೆ ಇಡಿ. ಉಲ್ಟಾ ಆದರೆ ಸುಳಿ ಮಸುಕಾಗುತ್ತದೆ. ಫ್ಲ್ಯಾಂಜರಿನ ರೇಟ್ (ಸುಳಿಯ ವೇಗ) ನಿಧಾನ ಇರಲಿ, ಫೀಡ್‌ಬ್ಯಾಕ್ (ಸದ್ದು ಮತ್ತೆ ಒಳಗೆ ಮರಳುವ ಪ್ರಮಾಣ) ಅರ್ಧ ದಾಟದಿರಲಿ, ದಾಟಿದರೆ ತಗಡಿನ ದನಿ ಬರುತ್ತದೆ. ಬೇಸಿಗಂತೂ ಹಾಕಬೇಡಿ, ತಳವೇ ಅಲುಗಾಡುತ್ತದೆ.

‘ಔಟ್‌ಡೋರ್ ಮೈನರ್’ ತೋಟದವರ ಹಾಡು ಅಂದರೂ ತಪ್ಪಿಲ್ಲ. ನಿಂಬೆ, ಟೊಮೆಟೊ ಎಲೆ ಮೇಲೆ ಬಿಳಿ ಗೆರೆ ಎಳೆದು ಹೋಗುತ್ತದಲ್ಲ ರಂಗೋಲಿ ಹುಳ, ಹಾಗೆ ಎಲೆಯೊಳಗೆ ಸುರಂಗ ಕೊರೆಯುವ ಹುಳದ ಮೇಲೆ ಬರೆದದ್ದು. ಔಷಧಿ ಹೊಡೆಯಬೇಕಾದ ಪ್ರಾಣಿಗೆ ಇಷ್ಟು ಮುದ್ದಾದ ರಾಗ! ಆಲ್ಬಮ್ಮಿನಲ್ಲಿ ಎರಡು ನಿಮಿಷವೂ ಇಲ್ಲ. ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್) ಆಗಿ ತರುವಾಗ ರೆಕಾರ್ಡ್ ಕಂಪನಿಗೆ ಉದ್ದ ಬೇಕಾಗಿ ನಡುವೆ ಪಿಯಾನೊ ಸೇರಿಸಿದರು. ಚಿಕ್ಕದೇ ಚೆನ್ನ.

ಎಲ್ಲವೂ ಗೆದ್ದಿಲ್ಲ. ‘ಫ್ರಮ್ ದ ನರ್ಸರಿ’ ಕಾಲೆಳೆದುಕೊಂಡು ಸಾಗುತ್ತದೆ. ಸುಮಾರು ಆರು ನಿಮಿಷದ ‘ಮರ್ಸಿ’ ಮಾತ್ರ ಅಷ್ಟು ಹೊತ್ತಿಗೆ ತಕ್ಕದ್ದು.

ಮಳೆಗಾಲದಲ್ಲಿ ಶೀಟಿನ ಮಾಡಿನ ಕೆಳಗೆ ಫೋನ್ ಸ್ಪೀಕರ್ ಹಾಕಿದರೆ ‘ಹಾರ್ಟ್‌ಬೀಟ್’ ಶುರುವಾದದ್ದೇ ಗೊತ್ತಾಗುವುದಿಲ್ಲ, ಹೆಡ್‌ಫೋನ್ ಬೇಕು. ತಂಡವಾಗಿ ಅಭ್ಯಾಸಕ್ಕೆ ಮೊದಲು ಎತ್ತಿಕೊಳ್ಳಬೇಕಾದ್ದೂ ಅದೇ. ಕೈಬೆರಳಿಗೆ ಸುಲಭ, ತಾಳ್ಮೆಗೆ ಕಷ್ಟ. ಸದ್ದು ಇಷ್ಟಿಷ್ಟೇ ಏರಬೇಕು. ಸಾಮಾನ್ಯವಾಗಿ ಕೆಡಿಸುವವರು ಡ್ರಮ್ಮಿನವರು: ಅರ್ಧಕ್ಕೇ ಸಿಂಬಲ್ ಬಾರಿಸಿಬಿಡುತ್ತಾರೆ, ಆಮೇಲೆ ಏರಲು ಜಾಗವೇ ಇರುವುದಿಲ್ಲ.